ಸೆಕೆಗಾಲದ ಹತ್ತು ಕಿಲೋಮೀಟರ್

ಬೆಂಗಳೂರಿನಲ್ಲಿ ಪ್ರತಿ ಬೇಸಿಗೆಗೆ ಒಂದು ದೊಡ್ಡ ಓಟ ನಡೆಯುತ್ತದೆ. ಅದರ ಹೆಸರು ‘ವರ್ಲ್ಡ್ 10ಕೆ’. ಶುರುವಾದದ್ದು 2008ರಲ್ಲಿ. ಬಾಯಿಮಾತಿಗೆ ಎಲ್ಲರೂ ಅದನ್ನು ಮ್ಯಾರಥಾನ್ ಎನ್ನುತ್ತಾರೆ. ಮಕ್ಕಳೇ, ಲೆಕ್ಕದ ಪ್ರಕಾರ ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್. ಇದು 10 ಕಿಲೋಮೀಟರ್ ಮಾತ್ರ. ಅಂದರೆ 400 ಮೀಟರಿನ ಟ್ರ್ಯಾಕಿನಲ್ಲಿ 25 ಸುತ್ತು. ‘ಮಾತ್ರ’ ಎಂದು ಬರೆಯುವುದು ಸುಲಭ, ಓಡುವಾಗ ಗೊತ್ತಾಗುತ್ತದೆ!

ನಾನು ಸುಳ್ಯದ ಆಲೆಟ್ಟಿಯವನು. ಅಡಿಕೆ ತೋಟ ನೋಡಿಕೊಂಡಿರುವ 61 ವರ್ಷದ ಅಜ್ಜ. 2024ರ ಏಪ್ರಿಲ್ 28ರ ಭಾನುವಾರ ಆ ಓಟದಲ್ಲಿ ಓಡಿದೆ. ಎರಡು ದಿನ ಮೊದಲು, 26ಕ್ಕೆ, ಲೋಕಸಭೆಗೆ ಮತ ಹಾಕಿದ್ದ ಶಾಯಿ ಬೆರಳಲ್ಲಿ ಹಾಗೇ ಇತ್ತು. ಮಡಿಕೇರಿ, ಮೈಸೂರು ದಾರಿಯಾಗಿ ಬಸ್ಸಿನಲ್ಲಿ ಮಗಳ ಮನೆ ಸೇರಿದೆ. ಮಗಳು ಮತ್ತು ಆರನೇ ತರಗತಿಯ ಮೊಮ್ಮಗಳು ಚಿಕ್ಕ ಓಟವಾದ ‘ಮಜ್ಜಾ ರನ್’ಗೆ ಹೆಸರು ಕೊಟ್ಟಿದ್ದರು.

ಆ ವರ್ಷದ ಬೇಸಿಗೆ ನಿಮಗೂ ನೆನಪಿರಬಹುದು. ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ. ಓಟದ ದಿನವೇ ಮಧ್ಯಾಹ್ನ ಅಲ್ಲಿ ಉಷ್ಣತೆ 38.5 ಡಿಗ್ರಿ ಮುಟ್ಟಿತು.

ಬೆವರು ಎಂಬ ಹೂಜಿ

ಬಿಸಿಲಲ್ಲಿ ಓಡುವುದು ಯಾಕೆ ಕಷ್ಟ? ಓಡುವಾಗ ನಮ್ಮ ಮಾಂಸಖಂಡಗಳು ಒಲೆಯಂತೆ ಶಾಖ ಹುಟ್ಟಿಸುತ್ತವೆ. ಮೈಯ ಉಷ್ಣತೆ ಸುಮಾರು 37 ಡಿಗ್ರಿಯಲ್ಲೇ ಇರಬೇಕಲ್ಲ? ಅದಕ್ಕೆ ಬೆವರು ಬೇಕು. ಮಣ್ಣಿನ ಹೂಜಿಯ ಮೈಯಿಂದ ಜಿನುಗಿದ ನೀರು ಆರುತ್ತಾ ಒಳಗಿನ ನೀರನ್ನು ತಂಪು ಮಾಡುತ್ತದಲ್ಲ, ಹಾಗೆಯೇ ಬೆವರು ಆರುವಾಗ ಮೈ ತಂಪಾಗುತ್ತದೆ. ಆರದೆ ತೊಟ್ಟಿಕ್ಕಿ ಹೋದ ಬೆವರಿನಿಂದ ಪ್ರಯೋಜನವಿಲ್ಲ.

ನಮ್ಮ ದಕ್ಷಿಣ ಕನ್ನಡದ ಗಾಳಿಯಲ್ಲಿ ತೇವ ಹೆಚ್ಚು. ಒಗೆದ ಪಂಚೆಯೇ ಬೇಗ ಒಣಗುವುದಿಲ್ಲ, ಇನ್ನು ಬೆವರು ಒಣಗುವುದುಂಟೇ? ಆದ್ದರಿಂದ ನಮ್ಮ ಸೆಕೆಯಲ್ಲಿ ಓಡಿ ಅಭ್ಯಾಸವಾದವನಿಗೆ, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ಬೆಳಗಿನ ಒಣಗಾಳಿ ಹಾಯೆನಿಸಿತು. ಆದರೆ ಸೂರ್ಯ ಮೇಲೆ ಬಂದ ಮೇಲೆ ಯಾವ ಊರಾದರೂ ಒಂದೇ.

ಮೈ ಬಿಸಿಲಿಗೆ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಹಾಗಾಗಿ ನಾನು ಮಾರ್ಚಿನಿಂದಲೇ ನಮ್ಮೂರಿನ ಏರು ತಗ್ಗಿನ ರಸ್ತೆಯಲ್ಲಿ ದಿನಾ ಸ್ವಲ್ಪ ಸ್ವಲ್ಪ ಓಡುತ್ತಿದ್ದೆ. ಡಾಕ್ಟರರು ಹೃದಯ, ರಕ್ತದೊತ್ತಡ ನೋಡಿ ಒಪ್ಪಿದ ಮೇಲೆಯೇ ಹೆಸರು ಕೊಟ್ಟದ್ದು.

ದಾರಿಯ ಗೆಳೆಯರು

ಬೆಳಕು ಹರಿಯುವ ಮೊದಲೇ ಪರೇಡ್ ಮೈದಾನದ ಬಳಿ ಜನಸಾಗರ. ಡೋಲು, ಹಾಡು, ಬಣ್ಣಬಣ್ಣದ ಅಂಗಿ. ನನ್ನ ಬಲಗಡೆ ಸೀರೆಯ ಮೇಲೆ ಟೀ ಶರ್ಟು ಹಾಕಿದ್ದ ಒಬ್ಬ ಅಜ್ಜಿ. ಎಡಗಡೆ ನೀಲಿ ಟೋಪಿಯ ಹುಡುಗಿ. “ಅಂಕಲ್, ಹೋದ ವರ್ಷ 61 ನಿಮಿಷ. ಈ ಸಲ 60ರೊಳಗೆ ಮುಗಿಸ್ಬೇಕು. ಆರು ತಿಂಗಳಿಂದ ಇದೇ ಕೆಲಸ” ಎಂದಳು. ಓಟ ಶುರುವಾದದ್ದೇ ಬಾಣದಂತೆ ಮಾಯವಾದಳು.

ಈ ಓಟದಲ್ಲಿ ಜಗತ್ತಿನ ದೊಡ್ಡ ಓಟಗಾರರೂ ಬರುತ್ತಾರೆ. 2022ರಲ್ಲಿ ಕೆನ್ಯಾದ ನಿಕೋಲಸ್ ಕಿಮೆಲಿ 27 ನಿಮಿಷ 38 ಸೆಕೆಂಡಿನಲ್ಲಿ ಓಟ ಮುಗಿಸಿದ್ದರು. ಅಷ್ಟು ಹೊತ್ತಿಗೆ ನಾನು ದಾಟಿದ್ದು ಮೂರು ಕಿಲೋಮೀಟರ್! ಏರು ಬಂದಲ್ಲಿ ನಡೆದೆ, ತಗ್ಗಿನಲ್ಲಿ ಓಡಿದೆ. ಹಲಸೂರು ಕೆರೆಯ ಕಡೆಯ ಗಾಳಿ ಹಿತವಾಗಿತ್ತು.

ಏಳು ಕಿಲೋಮೀಟರ್ ದಾಟಿದ ಮೇಲೆ ರಸ್ತೆ ಬದಿಯಲ್ಲಿ ಅದೇ ನೀಲಿ ಟೋಪಿ ಕಂಡಿತು. ಅವಳು ನೆಲದಲ್ಲಿ ಕೂತಿದ್ದಳು. ಅವಳ ಮಡಿಲಲ್ಲಿ ಒಬ್ಬ ಯುವಕನ ತಲೆ. ಅವನಿಗೆ ತಾನು ಎಲ್ಲಿದ್ದೇನೆಂದೇ ತಿಳಿಯುತ್ತಿರಲಿಲ್ಲ, ಏನೇನೋ ಮಾತಾಡುತ್ತಿದ್ದ. ಅವನು ಓಲಾಡಿ ಕುಸಿಯುವುದನ್ನು ಕಂಡು ಇವಳು ಓಟ ನಿಲ್ಲಿಸಿದ್ದಳು. ನೀರನ್ನು ಅವನ ಕುತ್ತಿಗೆಗೆ, ಕಂಕುಳಿಗೆ ಸುರಿಯುತ್ತಿದ್ದಳು. ನಾನು ನನ್ನ ಟವೆಲ್ ಒದ್ದೆ ಮಾಡಿ ಗಾಳಿ ಬೀಸಿದೆ. ಇನ್ನಿಬ್ಬರು ಓಡಿಹೋಗಿ ವೈದ್ಯಕೀಯ ತಂಡವನ್ನು ಕರೆತಂದರು. ಆಂಬುಲೆನ್ಸ್ ಹತ್ತುವಾಗ ಅವನು ಕಣ್ಣು ಬಿಟ್ಟು ತನ್ನ ಹೆಸರು ಹೇಳಿದ. ನಮಗೆಲ್ಲ ಹೋದ ಜೀವ ಬಂದಂತಾಯಿತು.

ಹುಡುಗಿ ಕೈಗಡಿಯಾರ ನೋಡಿಕೊಂಡಳು. 60 ನಿಮಿಷ ಯಾವಾಗಲೋ ದಾಟಿತ್ತು. “ಬನ್ನಿ ಅಂಕಲ್, ಇನ್ನು ಅರ್ಜೆಂಟಿಲ್ಲ” ಎಂದು ನಕ್ಕಳು. ಉಳಿದ ದಾರಿಯನ್ನು ನಾವು ಒಟ್ಟಿಗೇ ಮುಗಿಸಿದೆವು.

ಮೊಮ್ಮಗಳ ಓಟ ಶುರುವಾದದ್ದು ಬಿಸಿಲೇರಿದ ಮೇಲೆ. ನಡುವೆ ಪಕ್ಕೆ ಹಿಡಿದು ಅವಳಿಗೆ ಅಳು ಬಂತಂತೆ. “ನಿಲ್ಲಿಸುವುದಾದರೆ ನಿಲ್ಲಿಸು, ಯಾರೂ ಬೈಯುವುದಿಲ್ಲ” ಎಂದಳಂತೆ ಮಗಳು. ನೆರಳಲ್ಲಿ ಕೂತು, ನೀರು ಕುಡಿದು, ಆಮೇಲೆ ನಡೆದುಕೊಂಡೇ ಬಂದಳು. ನನ್ನ ಕಂಡ ಕೂಡಲೇ ಕೇಳಿದ್ದು, “ಅಜ್ಜ, ನೀವು ಓಡಿದ್ದಾ, ನಡೆದದ್ದಾ?” “ಎರಡೂ” ಎಂದೆ. ಅವಳಿಗೆ ಸಮಾಧಾನವಾಯಿತು.

54 ವರ್ಷದ ಓಟ

ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅವಳಿಗೆ ಹೇಳಿದ ಕಥೆ ಇದು. 1912ರ ಜುಲೈಯಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಒಲಿಂಪಿಕ್ಸ್ ಮ್ಯಾರಥಾನ್. ಆ ದೇಶಕ್ಕೆ ಅದು ಭಾರೀ ಸೆಕೆಯ ದಿನ. 68 ಮಂದಿಯಲ್ಲಿ ಸುಮಾರು ಅರ್ಧದಷ್ಟು ಜನ ಓಟ ಮುಗಿಸಲಿಲ್ಲ. ಪೋರ್ಚುಗಲ್ಲಿನ ಫ್ರಾನ್ಸಿಸ್ಕೊ ಲಜಾರೊ ಬಿಸಿಲಿಗೆ ಕುಸಿದವರು ಮರುದಿನ ತೀರಿಕೊಂಡರು. ಬಿಸಿಲು ತಾಗದಿರಲೆಂದು ಅವರು ಮೈಗೆ ಜಿಡ್ಡು ಸವರಿಕೊಂಡಿದ್ದರಂತೆ. ಹೂಜಿಗೆ ಬಣ್ಣ ಬಳಿದಂತಾಯಿತು!

ಅದೇ ಓಟದಲ್ಲಿದ್ದ ಜಪಾನಿನ ಶಿಜೊ ಕನಕುರಿ ಸುಸ್ತಾಗಿ, ದಾರಿಬದಿಯ ಒಂದು ಮನೆಯಲ್ಲಿ ಪಾನಕ ಕುಡಿದು ಓಟ ಬಿಟ್ಟರು. ಓಟದ ಅಧಿಕಾರಿಗಳಿಗೆ ಹೇಳದೆ ಊರಿಗೆ ಹೋದರು. 1967ರಲ್ಲಿ ಸ್ವೀಡನ್ನಿನವರು ಅವರನ್ನು ಕರೆಸಿ ಓಟ ಪೂರ್ತಿ ಮಾಡಿಸಿದರು. ದಾಖಲಾದ ಸಮಯ ಎಷ್ಟು ಗೊತ್ತೇ? 54 ವರ್ಷ, 8 ತಿಂಗಳು, 6 ದಿನ, 5 ಗಂಟೆ, 32 ನಿಮಿಷ, 20.3 ಸೆಕೆಂಡ್! ಅಷ್ಟರಲ್ಲಿ ಅವರಿಗೆ ಮೊಮ್ಮಕ್ಕಳೂ ಆಗಿದ್ದರು.

ಬಿಸಿಲಲ್ಲಿ ಓಟ ಬಿಟ್ಟವನಿಗೆ ಇನ್ನೊಂದು ದಿನ ಉಂಟು. ನೀಲಿ ಟೋಪಿಯ ಹುಡುಗಿಗೂ ಉಂಟು.

ನೆನಪಿಡಿ

• ಓಟದ ಅಭ್ಯಾಸ ಬೆಳಗ್ಗೆ ಬೇಗ ಇರಲಿ. ತೆಳು ಬಣ್ಣದ ಸಡಿಲ ಹತ್ತಿ ಬಟ್ಟೆ, ಟೋಪಿ ಇರಲಿ.

• ಬೆವರಿನೊಂದಿಗೆ ಉಪ್ಪೂ ಹೋಗುತ್ತದೆ. ಬರೇ ನೀರನ್ನು ಮಿತಿ ಮೀರಿ ಕುಡಿಯುವುದು ಅಪಾಯ. ಉಪ್ಪು ಹಾಕಿದ ಮಜ್ಜಿಗೆ, ಗಂಜಿತಿಳಿ ಒಳ್ಳೆಯದು.

• ಅಜ್ಜ ಅಜ್ಜಿಯರೇ, ವಯಸ್ಸಾದಂತೆ ಬಾಯಾರಿಕೆ ಬೇಗ ತಿಳಿಯುವುದಿಲ್ಲ. ದಾಹವಾಗಲಿ ಎಂದು ಕಾಯಬೇಡಿ. ಬಿಪಿ, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರರನ್ನು ಕೇಳಿಯೇ ಓಡಿ.

• ತಲೆಸುತ್ತು, ವಾಂತಿ, ಚಳಿ ಹಿಡಿದಂತಾದರೆ ತಕ್ಷಣ ನಿಂತು ನೆರಳಿಗೆ ಹೋಗಿ, ಜೊತೆಯವರಿಗೆ ಹೇಳಿ.

• ಯಾರಾದರೂ ಕುಸಿದು ಗೊಂದಲದ ಮಾತಾಡಿದರೆ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ನೆರಳಲ್ಲಿ ಮಲಗಿಸಿ, ಮೈಗೆ ತಣ್ಣೀರು ಸುರಿದು ಗಾಳಿ ಬೀಸಿ. ಎಚ್ಚರ ಸರಿ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.