‘ನಮ್ಮ ಸಂಸ್ಕೃತಿ’ ಅಂದ್ರೆ ಯಾವ ವರ್ಷದ್ದು? ಸ್ವೀಡನ್ನಿನ ಪಟ್ಟಿ, ರಾಯಚೂರಿನ ಅಲಾಯಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಈ ಸಂಚಿಕೆಯ ಮಾತು ಶುರುವಾಗಿದ್ದು ಮಾನ್ವಿಯ ಒಂದು ಚಹಾ ಅಂಗಡಿಯಲ್ಲಿ. ಪಕ್ಕದ ಬೆಂಚಿನ ಮೇಲೆ ಒಬ್ಬರು ನಿವೃತ್ತ ಮಾಸ್ತರು ಕೂತಿದ್ದರು, ವಯಸ್ಸು ಎಪ್ಪತ್ತು ದಾಟಿರಬೇಕು. ಎದುರಿನ ಗೋಡೆ ತುಂಬ ಬ್ಯಾನರ್. ಅದನ್ನ ತೋರಿಸಿ ಅಂದ್ರು: “ನೋಡಪಾ ತಮ್ಮಾ, ಜಾತಿಗೊಂದು ಜಯಂತಿ, ಜಾತಿಗೊಂದು ಸರ್ಕಲ್, ಜಾತಿಗೊಂದು ಭವನ. ನಾವು ಸಣ್ಣವರಿದ್ದಾಗ ಊರಿಗೊಂದು ಹಬ್ಬ ಇತ್ತು. ಈಗ ಊರು ಎಲ್ಲೈತಿ, ಬರೀ ಓಣಿ ಉಳದಾವ.”

ನಮ್ಮ ವಯಸ್ಸಿನವರು ಇಂಥ ಮಾತು ಕೇಳಿದ ಕೂಡಲೇ ‘ಹಳೇ ಕಾಲದವರು’ ಅಂತ ಪಕ್ಕಕ್ಕೆ ಸರಿಸಿಬಿಡ್ತೀವಿ. ನಾನು ಸರಿಸಲಿಲ್ಲ. ಯಾಕಂದ್ರೆ ಇದೇ ದೂರನ್ನ ಇವತ್ತು ಎಷ್ಟೋ ದೇಶಗಳ ಸಂಪ್ರದಾಯವಾದಿಗಳು ಹೇಳ್ತಿದ್ದಾರೆ. ಅವರ ವಾದ ಏನು, ಅದು ನಮ್ಮ ರಾಯಚೂರು ಜಿಲ್ಲೆಯಲ್ಲಿ ಎಲ್ಲಿ ನಿಲ್ಲತ್ತೆ, ಎಲ್ಲಿ ಜಾರತ್ತೆ ಅನ್ನೋದು ಇವತ್ತಿನ ವಿಷಯ.

ವಾದ ಏನು?

ಅಸ್ಮಿತೆಯ ರಾಜಕಾರಣ ಅಂದ್ರೆ ಜಾತಿ, ಧರ್ಮ, ಭಾಷೆ, ಪ್ರದೇಶ ಇಂಥ ಒಂದು ಗುರುತಿನ ಮೇಲೆ ಸೇರಿ ಹಕ್ಕು ಕೇಳೋದು. ಸಂಪ್ರದಾಯವಾದಿಗಳು ಇದಕ್ಕೆ ಮುಖ್ಯವಾಗಿ ಎರಡು ಆಕ್ಷೇಪ ಎತ್ತುತ್ತಾರೆ. ಒಂದು: ಪ್ರತಿ ಗುಂಪೂ ತನ್ನ ಗುರುತನ್ನೇ ಹಿಡಿದು ನಿಂತರೆ ಎಲ್ಲರಿಗೂ ಸೇರಿದ್ದು ಅನ್ನುವಂಥದ್ದು ಏನೂ ಉಳಿಯೋದಿಲ್ಲ. ಎರಡು: ರೂಢಿ, ಹಬ್ಬ, ನಡವಳಿಕೆ ತಲೆತಲಾಂತರದ ಅನುಭವದಿಂದ ಬಂದದ್ದು, ಒಂದು ತಲೆಮಾರಿನ ಅವಸರಕ್ಕೆ ಅದನ್ನ ಕೆಡವಿದರೆ ಮತ್ತೆ ಕಟ್ಟೋಕೆ ಆಗಲ್ಲ.

ಎರಡೂ ಹಗುರ ಮಾತಲ್ಲ. ಒಪ್ಪದಿದ್ದರೂ ಉತ್ತರ ಕೊಡಬೇಕಾದ ಮಾತು.

ಸ್ವೀಡನ್ ಇದಕ್ಕೆ ಒಳ್ಳೆ ಉದಾಹರಣೆ. 1975ರಲ್ಲಿ ಆ ದೇಶದ ಸಂಸತ್ತು, ಹೊರಗಿನಿಂದ ಬಂದವರು ತಮ್ಮ ಭಾಷೆ, ಸಂಸ್ಕೃತಿ ಉಳಿಸಿಕೊಳ್ಳೋದು ಅವರ ಆಯ್ಕೆ ಅನ್ನೋ ನೀತಿ ಒಪ್ಪಿಕೊಂಡಿತು. ನಲವತ್ತು ವರ್ಷದ ನಂತರ, 2015ರಲ್ಲಿ, ಒಂದೇ ವರ್ಷಕ್ಕೆ ಸುಮಾರು 1,63,000 ಜನ ಆಶ್ರಯ ಕೇಳಿ ಬಂದರು. ಒಂದು ಕೋಟಿ ಜನಸಂಖ್ಯೆಯ ದೇಶಕ್ಕೆ ಅದು ದೊಡ್ಡ ಸಂಖ್ಯೆ. 2022ರ ಚುನಾವಣೆಯಲ್ಲಿ ವಲಸೆಯನ್ನ ಕಟುವಾಗಿ ವಿರೋಧಿಸುವ ಸ್ವೀಡನ್ ಡೆಮಾಕ್ರಟ್ಸ್ ಪಕ್ಷ ಶೇ 20.5ರಷ್ಟು ಮತ ಪಡೆದು ಎರಡನೇ ಸ್ಥಾನಕ್ಕೆ ಬಂತು. ಅದರ ಬೆಂಬಲದಿಂದ ನಿಂತ ಬಲಪಂಥೀಯ ಸರ್ಕಾರ ‘ಸ್ವೀಡನ್ನಿನ ಸಂಸ್ಕೃತಿ ಅಂದರೆ ಇದು’ ಅಂತ ಹೇಳುವ ಒಂದು ಪಟ್ಟಿ ಮಾಡಿಸಿತು. 2025ರ ಸೆಪ್ಟೆಂಬರ್‌ನಲ್ಲಿ ನೂರು ಹೆಸರುಗಳ ಆ ಪಟ್ಟಿ ಹೊರಬಂತು.

ಪಟ್ಟಿಗೆ ಒಂದು ನಿಯಮ ಇತ್ತು: ಕನಿಷ್ಠ ಐವತ್ತು ವರ್ಷ ಹಳೇದಾಗಿರಬೇಕು. ಅಂದ್ರೆ 1975ಕ್ಕೆ ಗೆರೆ. ಮಕ್ಕಳ ಕಥೆಯ ಪಿಪ್ಪಿ ಒಳಗೆ ಬಂದಳು, ಜಗತ್ತೇ ಕೇಳಿದ ಅಬ್ಬಾ ತಂಡ ಹೊರಗುಳಿಯಿತು. ಇತ್ತೀಚೆಗೆ ಬಂದು ನೆಲೆಸಿದವರ ಕೊಡುಗೆಗೆ ಜಾಗ ಎಲ್ಲಿ ಅಂತಲೂ ಅಲ್ಲಿ ಜೋರು ಚರ್ಚೆ ನಡೆಯಿತು.

ನಾನು ಬಿ.ಕಾಂ. ಓದಿದವನು. ಬ್ಯಾಲೆನ್ಸ್ ಶೀಟ್‌ನಲ್ಲಿ ನಾವು ಮೊದಲು ನೋಡೋದು ತಾರೀಖು. ಮಾರ್ಚ್ 31ರ ಲೆಕ್ಕ ಬೇರೆ, ಏಪ್ರಿಲ್ 1ರ ಲೆಕ್ಕ ಬೇರೆ. ಸ್ವೀಡನ್ನಿನವರು ತಮ್ಮ ತಾರೀಖನ್ನ ಬಾಯಿಬಿಟ್ಟು ಹೇಳಿದರು, ಅಷ್ಟರಮಟ್ಟಿಗೆ ಪ್ರಾಮಾಣಿಕರು. ನಮ್ಮ ಕಡೆ ‘ನಮ್ಮ ಸಂಸ್ಕೃತಿ ಉಳೀಬೇಕು’ ಅನ್ನೋರು ತಾರೀಖು ಹೇಳಲ್ಲ.

ರಾಯಚೂರಿನ ತಾರೀಖು ಯಾವುದು?

ನಮ್ಮ ಕೋಟೆಗೆ ಹೋಗಿ ನೋಡ್ರಿ. ಒಂದು ಭಾರಿ ಉದ್ದದ ಕಲ್ಲಿನ ಮೇಲೆ 1294ರ ಕಾಕತೀಯರ ಕಾಲದ ಶಾಸನ ಇದೆ. ಭಾಷೆ ತೆಲುಗು. ಆಮೇಲೆ ಬಹಮನಿ, ವಿಜಯನಗರ, ಆದಿಲ್‌ಶಾಹಿ, ಕೊನೆಗೆ ನಿಜಾಮ. ಉರ್ದು ಆಡಳಿತ ಭಾಷೆಯಾಗಿದ್ದ ನಿಜಾಮನ ಕಾಲದಲ್ಲೇ, 1934ರಲ್ಲಿ, ಇದೇ ರಾಯಚೂರಿನಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮನ ಆಳ್ವಿಕೆ ಮುಗಿಯಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು.

2019ರ ಸೆಪ್ಟೆಂಬರ್‌ನಲ್ಲಿ ಯಡಿಯೂರಪ್ಪ ಸರ್ಕಾರ ‘ಹೈದರಾಬಾದ್ ಕರ್ನಾಟಕ’ವನ್ನ ‘ಕಲ್ಯಾಣ ಕರ್ನಾಟಕ’ ಮಾಡಿತು. ಹೈದರಾಬಾದ್ ಅಂದ್ರೆ ರಜಾಕಾರರ ನೆನಪು, ಕಲ್ಯಾಣ ಅಂದ್ರೆ ಬಸವಣ್ಣನ ನೆನಪು ಅನ್ನೋದು ವಾದ. ರಜಾಕಾರರ ಹಾವಳಿ ಕಂಡ ಮನೆಯವರಿಗೆ ಆ ಹೆಸರು ಚುಚ್ಚುತ್ತಿತ್ತು ಅನ್ನೋದು ನಿಜ. ಬಳ್ಳಾರಿಯಂತೂ ನಿಜಾಮನ ಆಳ್ವಿಕೆ ಮುಗಿಯುವಾಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಅವರಿಗೆ ಹೈದರಾಬಾದ್ ಹೆಸರು ಹೊಂದೋದೂ ಇಲ್ಲ. ಆದರೆ 12ನೇ ಶತಮಾನದಿಂದ ಇಲ್ಲಿಗೆ ಒಂದೇ ಜಿಗಿತಕ್ಕೆ ಬಂದರೆ ನಡುವಿನ ಶತಮಾನಗಳು ಎಲ್ಲಿ ಹೋದವು? ತಹಶೀಲ್ದಾರ್, ಅರ್ಜಿ, ಜಮೀನು, ವಕೀಲ: ಇವೆಲ್ಲ ಆ ನಡುವಿನ ಕಾಲ ಬಿಟ್ಟುಹೋದ ಮಾತುಗಳೇ. ಹೆಸರು ಬದಲಾದ ಮರುದಿನವೂ ನಾವು ತಹಶೀಲ್ದಾರ್ ಕಚೇರಿಗೇ ಅರ್ಜಿ ಕೊಟ್ಟೆವು.

ಇನ್ನೊಂದು ಮಾತು. ಸಂವಿಧಾನದ 371(ಜೆ) ವಿಧಿಯಲ್ಲಿ ಇವತ್ತಿಗೂ ಇರೋದು ಹೈದರಾಬಾದ್ ಕರ್ನಾಟಕ ಅನ್ನೋ ಹೆಸರೇ. 2012ರ 98ನೇ ತಿದ್ದುಪಡಿಯಿಂದ ಬಂದ ವಿಧಿ ಅದು. ಅದರ ಪ್ರಕಾರ ನಮ್ಮ ಭಾಗದ ಸರ್ಕಾರಿ ಹುದ್ದೆಗಳಲ್ಲಿ ಸಿ ವೃಂದದಲ್ಲಿ ಶೇ 80, ಡಿ ವೃಂದದಲ್ಲಿ ಶೇ 85 ಸ್ಥಳೀಯರಿಗೆ. ರಾಜ್ಯಮಟ್ಟದ ಹುದ್ದೆಗಳಲ್ಲಿ ಶೇ 8. ಇದೂ ಅಸ್ಮಿತೆಯ ರಾಜಕಾರಣವೇ, ಪ್ರದೇಶದ ಗುರುತಿನ ಮೇಲೆ ಕೇಳಿ ಪಡೆದದ್ದು. ಜಾತಿ ಸಂಘಗಳನ್ನ ಬೈಯುವ ಮನೆಗಳ ಮಕ್ಕಳೂ ಆ ಸರ್ಟಿಫಿಕೇಟ್‌ಗೆ ಸಾಲಿನಲ್ಲಿ ನಿಲ್ತಾರೆ. ನಾನೂ ನಿಂತೀನಿ. ತಪ್ಪು ಅನ್ನಿಸಿಲ್ಲ, ಹಿಂದುಳಿದಿದ್ದು ನಿಜ. ಹಾಗಿದ್ದ ಮೇಲೆ ದೇವದುರ್ಗ, ಮಾನ್ವಿ ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರ ಆಗಿದ್ದಕ್ಕೆ ‘ಊರು ಒಡೀತು’ ಅಂತ ಹೇಗೆ ಹೇಳೋದು? ನಮ್ಮ ಜಿಲ್ಲೆಯ ಏಳು ವಿಧಾನಸಭಾ ಕ್ಷೇತ್ರಗಳಲ್ಲಿ ನಾಲ್ಕು ಪರಿಶಿಷ್ಟ ಪಂಗಡಕ್ಕೆ, ಒಂದು ಪರಿಶಿಷ್ಟ ಜಾತಿಗೆ ಮೀಸಲು.

ಊರಿಗೊಂದು ಹಬ್ಬ

ಮಾಸ್ತರು ಹೇಳಿದ ಆ ‘ಊರಿಗೊಂದು ಹಬ್ಬ’ ಯಾವುದು ಅಂತ ಕೇಳಿದೆ. “ಮತ್ಯಾವುದಪಾ, ಅಲಾಯಿ” ಅಂದ್ರು.

ಹೊರಗಿನ ಕೇಳುಗರಿಗೆ ಹೇಳ್ತೀನಿ. ಅಲಾಯಿ ಅಂದ್ರೆ ಮೊಹರಂ. ಹಸನ್, ಹುಸೇನರ ನೆನಪಿನ ಪಂಜಾಗಳನ್ನ ಕೂಡಿಸ್ತಾರೆ, ಕುಣಿ ತೋಡಿ ಬೆಂಕಿ ಹಾಕ್ತಾರೆ, ಅದರ ಸುತ್ತ ಹೆಜ್ಜೆ ಹಾಕ್ತಾರೆ. ರಿವಾಯತ್ ಪದ ಹಾಡೋದು ಕನ್ನಡದಲ್ಲಿ. ಹರಕೆ ಹೊತ್ತವರು ಫಕೀರ ಆಗ್ತಾರೆ, ಅದರಲ್ಲಿ ಹಿಂದೂಗಳೇ ಎಷ್ಟೋ ಜನ. ಮನೆಮನೆಯಲ್ಲಿ ಚೋಂಗ್ಯಾ. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರುಗಳಲ್ಲೂ ಅಲಾಯಿ ನಡೆಯತ್ತೆ. ನಮ್ಮ ಜಿಲ್ಲೆಯದೇ ಮುದಗಲ್ ಮೊಹರಂ ನೋಡಲು ಹೊರಜಿಲ್ಲೆಗಳಿಂದ ಜನ ಬರ್ತಾರೆ.

ಈಗ ಎರಡು ಕಡೆಯಿಂದ ಆಕ್ಷೇಪ ಇದೆ. ‘ಇದು ನಮ್ಮ ಹಬ್ಬ ಅಲ್ಲ, ನೀವ್ಯಾಕೆ ಹೋಗ್ತೀರಿ’ ಅಂತ ಕೆಲವು ಹಿಂದೂ ಹುಡುಗರಿಗೆ ಹೇಳ್ತಾರೆ. ‘ಪಂಜಾ ಕೂಡಿಸೋದು, ಬೆಂಕಿ ತುಳಿಯೋದು ಧರ್ಮದಲ್ಲಿ ಇಲ್ಲ’ ಅಂತ ಕೆಲವು ಮುಸ್ಲಿಂ ಹುಡುಗರಿಗೆ ಹೇಳ್ತಾರೆ. ಇಬ್ಬರೂ ಮೂಲಕ್ಕೆ, ಶುದ್ಧಕ್ಕೆ ಹೋಗೋಣ ಅನ್ನೋರೇ. ಆದರೆ ಈ ಊರುಗಳಲ್ಲಿ ತಲೆತಲಾಂತರದಿಂದ ಇದ್ದದ್ದು ಅಲಾಯಿ. ಹೊಸದಾಗಿ ಬಂದದ್ದು ಈ ಶುದ್ಧದ ಮಾತು. ಸಂಪ್ರದಾಯವಾದಿಗಳ ಎರಡನೇ ವಾದವನ್ನ ನಾವು ನಿಜವಾಗಿ ಒಪ್ಪಿದರೆ, ಇಲ್ಲಿ ಸಂಪ್ರದಾಯ ಕಾಯ್ತಿರೋದು ಪಂಜಾ ಹೊರುವ ಮುಜಾವರ, ಊರ ಗೌಡ, ಹರಕೆಯ ಫಕೀರ. ಬದಲಾವಣೆ ತರ್ತಿರೋರು ಶುದ್ಧ ಮಾಡ ಹೊರಟವರು.

ಇಲ್ಲಿಗೆ ನಿಲ್ಲಿಸಿದ್ರೆ ಸಂಚಿಕೆ ಚೆಂದ ಇರ್ತಿತ್ತು. ಆದರೆ ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನ್ನ ವಯಸ್ಸಿನವನೇ ಒಬ್ಬ ದಲಿತ ಗೆಳೆಯ ಒಂದು ಮಾತು ಹೇಳಿದ: “ಹಬ್ಬ ಎಲ್ಲಾರದು, ಖರೆ ಐತಣ್ಣ. ಹಲಗಿ ಮಾತ್ರ ನಮ್ದು.”

ಅವರ ಮನೆತನ ಬಿಟ್ಟಿಯಾಗಿ ಹಲಗಿ ಬಾರಿಸಬೇಕು, ಚೋಂಗ್ಯಾ ದೂರ ನಿಂತು ಇಸಗೊಬೇಕು. ಊರು ಒಂದಾಗಿತ್ತು, ಆದರೆ ಆ ಒಂದರೊಳಗೆ ಯಾರ ಜಾಗ ಎಲ್ಲಿ ಅಂತ ಮೊದಲೇ ಬರೆದಿಟ್ಟಿದ್ದರು. ಹೋದ ಸಲ ಅವರ ಓಣಿಯ ಹುಡುಗರು ಹಲಗಿ ಮುಟ್ಟಲಿಲ್ಲ. ಕೂಲಿ ಗೊತ್ತು ಮಾಡ್ರಿ, ಊಟಕ್ಕೆ ಸಾಲಿನಲ್ಲಿ ಕೂಡಿಸ್ರಿ ಅಂತ ಕೇಳಿದ್ದರು. ಹಿರಿಯರು ಒಪ್ಪಲಿಲ್ಲ, ಸ್ಪೀಕರ್ ತರಿಸಿದರು. ‘ಸಂಘ ಕಟ್ಟಿ ಹಬ್ಬ ಕೆಡಿಸಿದರು’ ಅನ್ನೋ ಮಾತು ಊರಲ್ಲಿ ಉಳೀತು.

ಸಂಪ್ರದಾಯವಾದದ ಹಿರಿಯ ಚಿಂತಕ ಅಂತ ಹೆಸರಾದ 18ನೇ ಶತಮಾನದ ಎಡ್ಮಂಡ್ ಬರ್ಕ್ ಬದಲಾವಣೆಯನ್ನೇ ಬೇಡ ಅಂದವನಲ್ಲ. ಉಳಿಸಬೇಕಾದ್ದನ್ನ ಆಗಾಗ ತಿದ್ದಬೇಕು, ತಿದ್ದದಿದ್ದರೆ ಅದು ಉಳಿಯೋದಿಲ್ಲ ಅನ್ನೋದು ಅವನ ನಿಲುವು. ಆ ಹಳ್ಳಿಯ ಹುಡುಗರು ಕೇಳಿದ್ದು ಅದೇ. ಹಬ್ಬ ಬೇಡ ಅನ್ನಲಿಲ್ಲ, ಹಬ್ಬದಲ್ಲಿ ತಮ್ಮ ಜಾಗ ಬದಲಾಗಲಿ ಅಂದ್ರು. ಅದನ್ನ ಕೊಟ್ಟಿದ್ದರೆ ಹಲಗಿ ಉಳೀತಿತ್ತು.

ಇದನ್ನೆಲ್ಲ ಮಾಸ್ತರಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ನಮ್ಮೂರಾಗ ಹಲಗಿ ಬಾರಿಸೋರಿಗೆ ಏನು ಕೊಡ್ತಿದ್ರು ಅಂತ ನಾ ಯಾವತ್ತೂ ಕೇಳೇ ಇಲ್ಲ ತಮ್ಮಾ. ಕೇಳಿ ಹೇಳ್ತೀನಿ” ಅಂದ್ರು. ಇನ್ನೂ ಫೋನ್ ಬಂದಿಲ್ಲ.

ನೀವೂ ನಿಮ್ಮೂರಿನ ಹಬ್ಬದ ಬಗ್ಗೆ ಒಮ್ಮೆ ಕೇಳ್ರಿ: ದೇವರು ಹೊರೋರು ಯಾರು, ಕಟ್ಟಿಗೆ ತರೋರು ಯಾರು, ಬಾರಿಸೋರು ಯಾರು, ಅವರು ಎಲ್ಲಿ ಕೂತು ಉಣ್ತಾರೆ? ಉತ್ತರ ಸಿಕ್ಕರೆ ನಮಗೆ ವಾಯ್ಸ್ ನೋಟ್ ಕಳಿಸ್ರಿ. ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ. ಬರ್ತೀನ್ರಿ.