ಮೂರು ದಿನದ ಸಂತೆ, ಆರು ತಿಂಗಳ ಬದುಕು: ಕ್ವಿಲ್ಟ್ ಬಟ್ಟೆಯಂಗಡಿಗಳ ಖರೀದಿ ಯಾತ್ರೆ

ಬಟ್ಟೆ ವ್ಯಾಪಾರವೆಂದರೆ ಅಳೆದು, ಕತ್ತರಿಸಿ, ಹಣ ಎಣಿಸಿಕೊಳ್ಳುವ ಕಸುಬೆಂದು ಭಾವಿಸುವುದು ವಾಡಿಕೆ. ಆದರೆ ಗಿರಾಕಿಯ ಮುಂದೆ ಕತ್ತರಿ ಆಡುವುದಕ್ಕೆ ಎಷ್ಟೋ ತಿಂಗಳು ಮೊದಲೇ ಅಂಗಡಿಯ ಲಾಭ ನಷ್ಟದ ತೀರ್ಮಾನ ಆಗಿಹೋಗಿರುತ್ತದೆ. ಯಾವ ಥಾನನ್ನು ತರಿಸಬೇಕು, ಎಷ್ಟು ತರಿಸಬೇಕು, ಕಣ್ಣಿಗೆ ಒಪ್ಪಿದರೂ ಯಾವುದನ್ನು ಬಿಟ್ಟುಬಿಡಬೇಕು ಎಂಬ ಮೂರು ಪ್ರಶ್ನೆಗಳಲ್ಲಿಯೇ ಚಿಲ್ಲರೆ ವ್ಯಾಪಾರಿಯ ಜಾಣ್ಮೆಯೆಲ್ಲ ಅಡಗಿದೆ. ಅಮೆರಿಕದಲ್ಲಿ ಕ್ವಿಲ್ಟ್ ಹೊಲಿಯುವವರಿಗೆಂದೇ ಹತ್ತಿ ಬಟ್ಟೆ ಮಾರುವ ಸಣ್ಣ ಅಂಗಡಿಗಳ ಪಾಲಿಗೆ ಈ ಪ್ರಶ್ನೆಗಳನ್ನು ಎದುರಿಸಲು ದಶಕಗಳ ಕಾಲ ಒಂದು ನಿಶ್ಚಿತ ಸ್ಥಳವಿತ್ತು. ಅದೇ ವ್ಯಾಪಾರಿ ಮೇಳ.

ಕ್ವಿಲ್ಟ್ ಎಂದರೆ ಕನ್ನಡಿಗರಿಗೆ ಅಪರಿಚಿತ ವಸ್ತುವೇನಲ್ಲ. ಉತ್ತರ ಕರ್ನಾಟಕದ ಮನೆಮನೆಗಳಲ್ಲಿ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ತುಂಡುಗಳನ್ನು ಕೂಡಿಸಿ ಹೊಲಿಯುವ ಕೌದಿಯ ದೂರದ ಸಂಬಂಧಿ ಅದು. ಮೇಲೆ ಚಿತ್ತಾರವಾಗಿ ಜೋಡಿಸಿದ ಬಟ್ಟೆ, ನಡುವೆ ಹತ್ತಿಯ ಪದರ, ಕೆಳಗೆ ಅಸ್ತರು, ಈ ಮೂರನ್ನೂ ಹಿಡಿದಿಡುವ ಹೊಲಿಗೆ: ಇಷ್ಟೇ ಅದರ ರಚನೆ. ವ್ಯತ್ಯಾಸವಿರುವುದು ಬಟ್ಟೆಯ ಮೂಲದಲ್ಲಿ. ಕೌದಿ ಹುಟ್ಟುವುದು ಉಟ್ಟು ಹಳತಾದ ಬಟ್ಟೆಯಿಂದ; ಇಂದಿನ ಅಮೆರಿಕದ ಕ್ವಿಲ್ಟ್ ಹುಟ್ಟುವುದು ಬಹುಮಟ್ಟಿಗೆ ಅಂಗಡಿಯಿಂದ ಕೊಂಡ ಹೊಸ ಬಟ್ಟೆಯಿಂದ. ಈ ಒಂದು ವ್ಯತ್ಯಾಸದ ಮೇಲೆಯೇ ದೊಡ್ಡದೊಂದು ಉದ್ಯಮ ನಿಂತಿದೆ.

ಹ್ಯೂಸ್ಟನ್ ನಗರದ ಮೇಳ

ಅಮೆರಿಕದಲ್ಲಿ ಕ್ವಿಲ್ಟ್ ಕಲೆ ಮರುಜೀವ ಪಡೆದದ್ದು 1970ರ ದಶಕದಲ್ಲಿ. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯ ಹಳೆಯ ಕ್ವಿಲ್ಟ್‌ಗಳನ್ನು ಚಿತ್ರಕಲಾಕೃತಿಗಳಂತೆ ಗೋಡೆಗೆ ತೂಗುಹಾಕಿ ಪ್ರದರ್ಶಿಸಿತು. 1976ರಲ್ಲಿ ದೇಶದ ಸ್ವಾತಂತ್ರ್ಯದ ಇನ್ನೂರನೆಯ ವರ್ಷಾಚರಣೆ ಬಂದಾಗ ಅಜ್ಜಿಯರ ಕಾಲದ ಕೈಗೆಲಸಗಳತ್ತ ಜನರ ಒಲವು ಹರಿಯಿತು. 1979ರಲ್ಲಿ ಜಪಾನಿನ ಓಲ್ಫಾ ಕಂಪನಿ ಗಾಲಿಯಂತೆ ಉರುಳುವ ಅಲಗಿನ ಕತ್ತರಿಯನ್ನು ಮಾರುಕಟ್ಟೆಗೆ ತಂದಿತು. ಒಂದೊಂದೇ ತುಂಡನ್ನು ಗುರುತು ಹಾಕಿ ಕತ್ತರಿಸುತ್ತಿದ್ದ ಕೆಲಸ ಹಲವು ಪದರಗಳನ್ನು ಒಮ್ಮೆಗೇ ಕೊಯ್ಯುವಷ್ಟು ಸುಲಭವಾಯಿತು. ಕೆಲಸ ಬೇಗ ಮುಗಿದಷ್ಟೂ ಬಟ್ಟೆಯ ಬೇಡಿಕೆ ಏರಿತೆಂಬುದನ್ನು ಬೇರೆ ಹೇಳಬೇಕಿಲ್ಲ.

ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ ಕ್ವಿಲ್ಟ್ ಅಂಗಡಿ ನಡೆಸುತ್ತಿದ್ದ ಕ್ಯಾರಿ ಬ್ರೆಸೆನ್‌ಹಾನ್ 1974ರಲ್ಲಿ ತಮ್ಮ ಗಿರಾಕಿಗಳಿಗಾಗಿ ಚಿಕ್ಕದೊಂದು ಪ್ರದರ್ಶನ ಏರ್ಪಡಿಸಿದರು. ಅದೇ ಬೆಳೆದು ಅಂತರರಾಷ್ಟ್ರೀಯ ಕ್ವಿಲ್ಟ್ ಉತ್ಸವವಾಯಿತು. 1979ರಲ್ಲಿ ಅವರು ವ್ಯಾಪಾರಿಗಳಿಗೆ ಮಾತ್ರ ಮೀಸಲಾದ ಕ್ವಿಲ್ಟ್ ಮಾರ್ಕೆಟ್ ಎಂಬ ಮೇಳವನ್ನು ಆರಂಭಿಸಿದರು. ಶರತ್ಕಾಲದ ಮೇಳ ಹ್ಯೂಸ್ಟನ್ನಿನ ಜಾರ್ಜ್ ಆರ್. ಬ್ರೌನ್ ಸಮಾವೇಶ ಕೇಂದ್ರದಲ್ಲಿಯೂ, ವಸಂತ ಋತುವಿನ ಮೇಳ ಪಿಟ್ಸ್‌ಬರ್ಗ್, ಪೋರ್ಟ್‌ಲೆಂಡ್, ಕಾನ್ಸಾಸ್ ಸಿಟಿ ಮೊದಲಾದ ಬೇರೆ ಬೇರೆ ನಗರಗಳಲ್ಲಿಯೂ ನಡೆಯುವುದು ಬಹುಕಾಲದ ಪರಿಪಾಠವಾಗಿತ್ತು. ಹೀಗೆ ವರ್ಷಕ್ಕೆರಡು ಬಾರಿ ಸಣ್ಣ ಪಟ್ಟಣಗಳ ಅಂಗಡಿಯವರು, ಅವರಲ್ಲಿಯೂ ಬಹುಪಾಲು ಮಹಿಳೆಯರು, ಮುಂದಿನ ಆರು ತಿಂಗಳ ಬಂಡವಾಳವನ್ನು ಮೂರು ದಿನಗಳಲ್ಲಿ ಪಣಕ್ಕಿಡಲು ಪಯಣ ಹೊರಡುತ್ತಿದ್ದರು.

ಒಳಗೆ ಯಾರಿಗೆ ಪ್ರವೇಶ?

ಇಂತಹ ಮೇಳಕ್ಕೆ ಯಾರು ಬೇಕಾದರೂ ಚೀಟಿ ಕೊಂಡು ಹೋಗುವಂತಿಲ್ಲ. ವ್ಯಾಪಾರದ ಪರವಾನಗಿ, ಮಾರಾಟ ತೆರಿಗೆಯ ನೋಂದಣಿ ಮುಂತಾದ ದಾಖಲೆಗಳನ್ನು ತೋರಿಸಿ ತಾನು ನಿಜವಾದ ಅಂಗಡಿಕಾರನೆಂದು ಸಿದ್ಧಪಡಿಸಬೇಕು. ಕಾರಣ ಸರಳವಾದುದು. ಇಲ್ಲಿ ಕಾಣುವುದು ಸಗಟು ದರ. ಆ ದರ ಕೊನೆಯ ಗಿರಾಕಿಗೆ ತಿಳಿದರೆ ಚಿಲ್ಲರೆ ಅಂಗಡಿಯ ಮಾತಿಗೆ ಬೆಲೆ ಉಳಿಯದು. ಇನ್ನೂ ಮಾರುಕಟ್ಟೆಗೆ ಬಾರದ ವಿನ್ಯಾಸಗಳು ಅಲ್ಲಿರುವುದರಿಂದ ಅನುಮತಿಯಿಲ್ಲದೆ ಛಾಯಾಚಿತ್ರ ತೆಗೆಯುವುದೂ ಸಲ್ಲದು.

ಮಳಿಗೆಗಳ ಬಾಗಿಲು ತೆರೆಯುವ ಮುನ್ನಾದಿನ ‘ಸ್ಕೂಲ್‌ಹೌಸ್’ ಎಂಬ ಪಾಠದ ಸರಣಿ ನಡೆಯುತ್ತಿತ್ತು. ಒಂದೊಂದು ಪಾಠವೂ ಅರ್ಧ ಗಂಟೆಯೊಳಗಿನದು. ವಿನ್ಯಾಸಕರು ತಮ್ಮ ಹೊಸ ಬಟ್ಟೆಯ ಹಿಂದಿನ ಕಲ್ಪನೆಯನ್ನು ವಿವರಿಸುತ್ತಿದ್ದರು. ಹೊಸ ಉಪಕರಣ ತಂದವರು ಅದರ ಬಳಕೆಯನ್ನು ತೋರಿಸುತ್ತಿದ್ದರು. ಅಂಗಡಿಯೊಡತಿಗೆ ಇದು ಮನರಂಜನೆಯಲ್ಲ. ಊರಿಗೆ ಮರಳಿದ ಮೇಲೆ ಅದೇ ಪಾಠವನ್ನು ಆಕೆ ತನ್ನ ಗಿರಾಕಿಗಳಿಗೆ ಹೇಳಿಕೊಡಬೇಕು. ಬಟ್ಟೆಯ ಜೊತೆಗೆ ಅದರಿಂದ ಏನು ಮಾಡಬಹುದೆಂಬ ತಿಳಿವಳಿಕೆಯನ್ನೂ ಮಾರುವುದು ಈ ವ್ಯಾಪಾರದ ಗುಟ್ಟು.

ಪಾಠಗಳ ಬಳಿಕ ಸಂಜೆ ನಡೆಯುವ ‘ಸ್ಯಾಂಪಲ್ ಸ್ಪ್ರೀ’ ಮೇಳದ ಅತ್ಯಂತ ಗಡಿಬಿಡಿಯ ಹೊತ್ತು. ಮೇಳದಲ್ಲಿ ಉಳಿದಂತೆ ಮುಂಗಡ ಬೇಡಿಕೆ ಬರೆಸುವುದೇ ಕ್ರಮ. ಸರಕನ್ನು ಕೈಗೆತ್ತಿಕೊಂಡು ಹೋಗುವಂತಿಲ್ಲ. ಈ ಒಂದು ಸಂಜೆ ಮಾತ್ರ ಹೊಸ ಬಟ್ಟೆಗಳ ಚಿಕ್ಕ ಕಟ್ಟುಗಳನ್ನು ಸ್ಥಳದಲ್ಲಿಯೇ ಮಾರುತ್ತಿದ್ದರು. ಗಾಲಿ ಚೀಲಗಳನ್ನೆಳೆದುಕೊಂಡು ಉದ್ದನೆಯ ಸಾಲಿನಲ್ಲಿ ನಿಂತವರು ಬಾಗಿಲು ತೆರೆಯುತ್ತಲೇ ನೆಚ್ಚಿನ ಮಳಿಗೆಗೆ ಧಾವಿಸುವುದು ಅಲ್ಲಿನ ಸಾಮಾನ್ಯ ದೃಶ್ಯ. ಈ ಆತುರಕ್ಕೂ ಲೆಕ್ಕಾಚಾರವಿದೆ. ಬೇಡಿಕೆ ಬರೆಸಿದ ಥಾನುಗಳು ಅಂಗಡಿ ತಲುಪಲು ತಿಂಗಳುಗಳೇ ಬೇಕು. ಅಷ್ಟರೊಳಗೆ ಈ ಚಿಕ್ಕ ಕಟ್ಟಿನಿಂದ ಒಂದು ಕ್ವಿಲ್ಟ್ ಹೊಲಿದು ಅಂಗಡಿಯ ಗೋಡೆಗೆ ತೂಗುಹಾಕಿದರೆ, ಥಾನು ಬಂದ ದಿನವೇ ಗಿರಾಕಿ ಸಿದ್ಧವಾಗಿರುತ್ತಾರೆ.

ಥಾನಿನ ಲೆಕ್ಕ

ಕ್ವಿಲ್ಟ್ ಬಟ್ಟೆ ಸಾಮಾನ್ಯವಾಗಿ 42ರಿಂದ 44 ಅಂಗುಲ ಅಗಲದ ಶುದ್ಧ ಹತ್ತಿಯ ನೇಯ್ಗೆ. ಒಬ್ಬ ವಿನ್ಯಾಸಕರ ಒಂದು ‘ಸಂಗ್ರಹ’ದಲ್ಲಿ ಒಂದಕ್ಕೊಂದು ಹೊಂದುವ ಮೂವತ್ತು, ನಲವತ್ತು ಅಚ್ಚುಗಳಿರುವುದುಂಟು. ದೊಡ್ಡ ಹೂವು, ಸಣ್ಣ ಹೂವು, ಚುಕ್ಕಿ, ಗೆರೆ, ಚೌಕಳಿ ಎಲ್ಲವೂ ಒಂದೇ ಬಣ್ಣದ ಕುಟುಂಬದವು. ಪೂರ್ಣ ಥಾನೆಂದರೆ 15 ಗಜ ಎಂಬುದು ಬಹುಕಾಲದ ರೂಢಿ.

ಈಗ ಒಂದು ಕಾಲ್ಪನಿಕ ಲೆಕ್ಕವನ್ನು ನೋಡಬಹುದು. 40 ಅಚ್ಚುಗಳ ಒಂದು ಸಂಗ್ರಹವನ್ನು ಅಚ್ಚಿಗೊಂದು ಥಾನಿನಂತೆ ಕೊಂಡರೆ ಒಟ್ಟು 600 ಗಜ. ಸಗಟು ದರ ಗಜಕ್ಕೆ 6 ಡಾಲರ್ ಎಂದಿಟ್ಟುಕೊಂಡರೆ ಒಂದೇ ಸಂಗ್ರಹಕ್ಕೆ 3,600 ಡಾಲರ್ ಬೇಕು. ಮೇಳದಲ್ಲಿ ಇಂತಹ ನೂರಾರು ಸಂಗ್ರಹಗಳು ಕಣ್ಣು ಸೆಳೆಯುತ್ತಿರುತ್ತವೆ.

ಕೊಂಡ ಬೆಲೆಯ ಇಮ್ಮಡಿಗೆ ಮಾರುವುದು ಈ ವ್ಯಾಪಾರದ ಹಳೆಯ ಸೂತ್ರ. 90 ಡಾಲರಿನ ಥಾನನ್ನು ಗಜಕ್ಕೆ 12 ಡಾಲರಿನಂತೆ ಮಾರಿದರೆ ಎಂಟನೆಯ ಗಜಕ್ಕೆ ಅಸಲು ಕೈಸೇರುತ್ತದೆ. ಉಳಿದ ಏಳು ಗಜಗಳಿಂದ ಬಾಡಿಗೆ, ವಿದ್ಯುತ್ತು, ಕೆಲಸದವರ ಸಂಬಳ, ಸಾಲದ ಬಡ್ಡಿ ಎಲ್ಲವೂ ಹೊರಡಬೇಕು. ಹದಿನೈದು ಗಜವೂ ಪೂರ್ಣ ಬೆಲೆಗೆ ಹೋದರೆ ಒಟ್ಟು ಉಳಿಕೆ 90 ಡಾಲರ್. ಆದರೆ ಕೊನೆಯ ಐದು ಗಜ ಕಪಾಟಿನಲ್ಲಿಯೇ ಉಳಿದು ಅರ್ಧ ಬೆಲೆಗೆ ತಳ್ಳಬೇಕಾಗಿ ಬಂದರೆ ಆ ಉಳಿಕೆ 60ಕ್ಕೆ ಇಳಿಯುತ್ತದೆ. ಅಂದರೆ ಮೂರನೆಯ ಒಂದು ಭಾಗ ಮಾಯ. ಕಪಾಟಿನ ಮೇಲೆ ಸುಮ್ಮನೆ ಕುಳಿತ ಬಟ್ಟೆ ಅನ್ನ ಬೇಡುವುದಿಲ್ಲ ನಿಜ; ಆದರೆ ಹೊಸ ಸರಕಿಗೆ ಹೋಗಬೇಕಾದ ಹಣವನ್ನು ಅದು ನುಂಗಿ ಕುಳಿತಿರುತ್ತದೆ.

ಆದುದರಿಂದ ಅನುಭವಿ ವ್ಯಾಪಾರಿ ಪಯಣಕ್ಕೆ ಮುನ್ನ ಮಾಡುವ ಮೊದಲ ಕೆಲಸ ತನ್ನ ಕಪಾಟನ್ನೇ ಎಣಿಸುವುದು. ಮುಂದಿನ ಆರು ತಿಂಗಳಲ್ಲಿ ಎಷ್ಟು ಮಾರಾಟವಾಗಬಹುದು, ಈಗ ಕೈಯಲ್ಲಿರುವ ಸರಕೆಷ್ಟು, ಈ ಹಿಂದೆಯೇ ಬೇಡಿಕೆ ಕೊಟ್ಟು ದಾರಿಯಲ್ಲಿರುವುದೆಷ್ಟು ಎಂಬುದನ್ನು ಕೂಡಿ ಕಳೆದು ಉಳಿಯುವ ಮೊತ್ತವೇ ಖರೀದಿಯ ಮಿತಿ. ಈ ಮಿತಿಯನ್ನು ಕಾಗದದ ಮೇಲೆ ಬರೆದುಕೊಳ್ಳದೆ ಮೇಳಕ್ಕೆ ಹೋದವರು ಬಣ್ಣಗಳ ಪ್ರವಾಹದಲ್ಲಿ ಕೊಚ್ಚಿಹೋಗುವುದು ಅಸಂಭವವೇನಲ್ಲ.

ತನ್ನ ರುಚಿಗಲ್ಲ, ಊರಿನ ರುಚಿಗೆ

ಎರಡನೆಯ ಸವಾಲು ಇನ್ನೂ ಸೂಕ್ಷ್ಮವಾದುದು. ಖರೀದಿಗೆ ಬಂದವರು ತಾವೂ ಕ್ವಿಲ್ಟ್ ಹೊಲಿಯುವವರೇ. ಸ್ವಂತಕ್ಕೆ ಮೆಚ್ಚಿದ ಬಣ್ಣ ಊರಿನ ಗಿರಾಕಿಗೆ ಮೆಚ್ಚಬೇಕೆಂಬ ನಿಯಮವಿಲ್ಲ. ಅಂತರ್ಯುದ್ಧ ಕಾಲದ ಹಳೆಯ ಅಚ್ಚುಗಳ ಮಾದರಿಯ ಕಂದು, ಕಡುನೀಲಿ ಬಟ್ಟೆಗಳನ್ನಷ್ಟೇ ಕೇಳುವ ಊರಿನಲ್ಲಿ ಉಜ್ವಲ ಬಣ್ಣದ ಆಧುನಿಕ ವಿನ್ಯಾಸಗಳು ಧೂಳು ಹಿಡಿಯಬಹುದು. ಕಣ್ಣಿಗೆ ಬೀಳುವ ದೊಡ್ಡ ಹೂವಿನ ಅಚ್ಚಿಗಿಂತ, ಯಾರೂ ಹೊಗಳದ ಚುಕ್ಕಿ, ಗೆರೆಯ ಬಟ್ಟೆ, ಬಿಳಿ ಹಿನ್ನೆಲೆಯ ಬಟ್ಟೆ ಹೆಚ್ಚು ಖರ್ಚಾಗುವುದೂ ಉಂಟು. ಚಿತ್ತಾರದ ತುಂಡುಗಳ ನಡುವೆ ಕಣ್ಣಿಗೆ ವಿರಾಮ ಕೊಡುವವು ಅವೇ ಅಲ್ಲವೇ?

ಮರುಮುದ್ರಣದ ಅಭಾವ ಮತ್ತೊಂದು ತೊಡಕು. ಬಹುತೇಕ ಸಂಗ್ರಹಗಳನ್ನು ಗಿರಣಿ ಒಮ್ಮೆ ಮಾತ್ರ ಅಚ್ಚು ಹಾಕುತ್ತದೆ. ಬೇಡಿಕೆ ಕುದುರಿದ ಮೇಲೆ ಇನ್ನಷ್ಟು ತರಿಸಿಕೊಳ್ಳೋಣವೆಂದರೆ ಸರಕು ತೀರಿಹೋಗಿರುತ್ತದೆ. ಕಡಿಮೆ ಕೊಂಡರೆ ಗಿರಾಕಿ ಕೈತಪ್ಪುತ್ತಾರೆ. ಹೆಚ್ಚು ಕೊಂಡರೆ ಬಂಡವಾಳ ಸಿಕ್ಕಿಬೀಳುತ್ತದೆ. ಈ ಇಕ್ಕಟ್ಟಿಗೆ ಭಾಗಶಃ ಪರಿಹಾರವಾಗಿ ಬಂದದ್ದು ಮೊದಲೇ ಕತ್ತರಿಸಿದ ಕಟ್ಟುಗಳು. ಡಲ್ಲಾಸ್ ನಗರದ ಮೋಡಾ ಕಂಪನಿ ಎರಡೂವರೆ ಅಂಗುಲ ಅಗಲದ ಪಟ್ಟಿಗಳನ್ನು ಸುರುಳಿ ಸುತ್ತಿ ‘ಜೆಲ್ಲಿ ರೋಲ್’ ಎಂಬ ಹೆಸರಿನಲ್ಲಿ ಮಾರಿ ಪ್ರಸಿದ್ಧವಾಯಿತು. ಐದು ಅಂಗುಲದ, ಹತ್ತು ಅಂಗುಲದ ಚೌಕಗಳ ಕಟ್ಟುಗಳೂ ಇವೆ. ಸಂಗ್ರಹದ ಎಲ್ಲ ಅಚ್ಚುಗಳೂ ಗಿರಾಕಿಗೆ ಒಂದೇ ಕಟ್ಟಿನಲ್ಲಿ ದೊರೆಯುವುದರಿಂದ ಅಂಗಡಿಯವರು ಎಲ್ಲ ಥಾನುಗಳನ್ನೂ ಕೊಳ್ಳಬೇಕಾದ ಅಗತ್ಯ ತಪ್ಪಿತು.

ಬದಲಾದ ಕಾಲ

ಕೋವಿಡ್ ಪಿಡುಗಿನಿಂದಾಗಿ 2020ರ ಮೇಳಗಳು ರದ್ದಾದವು. ಮೇಳಕ್ಕೆ ಹೋಗದೆಯೂ ಗಣಕಯಂತ್ರದ ಪರದೆಯ ಮೇಲೆ ಬಟ್ಟೆ ಆರಿಸಬಹುದೆಂಬುದನ್ನು ವ್ಯಾಪಾರಿಗಳು ಆ ಅವಧಿಯಲ್ಲಿ ಕಂಡುಕೊಂಡರು. 2022ರಲ್ಲಿ ಜರ್ಮನಿಯ ಕೋಲ್ನ್‌ಮೆಸ್ಸೆ ಸಂಸ್ಥೆ ಷಿಕಾಗೋ ಸಮೀಪದ ರೋಸ್‌ಮಾಂಟ್‌ನಲ್ಲಿ ‘ಎಚ್ ಪ್ಲಸ್ ಎಚ್ ಅಮೆರಿಕಾಸ್’ ಎಂಬ ಹೊಸ ಮೇಳವನ್ನು ಆರಂಭಿಸಿ, ನೂಲು, ಹೆಣಿಗೆ, ಹೊಲಿಗೆ, ಕ್ವಿಲ್ಟ್ ಎಲ್ಲವನ್ನೂ ಒಂದೇ ಸೂರಿನಡಿ ತಂದಿತು. ಏಕೈಕ ಸಂತೆಯ ಕಾಲ ಹೀಗೆ ಮುಗಿಯಿತು.

2025ರಲ್ಲಿ ಎರಡು ಘಟನೆಗಳು ಈ ವ್ಯಾಪಾರವನ್ನು ಅಲುಗಾಡಿಸಿದವು. 1943ರಲ್ಲಿ ಓಹಿಯೋ ರಾಜ್ಯದಲ್ಲಿ ಹುಟ್ಟಿ ದೇಶದುದ್ದಗಲಕ್ಕೆ ಸುಮಾರು 800 ಮಳಿಗೆಗಳಾಗಿ ಹರಡಿದ್ದ ಜೋಆನ್ ಬಟ್ಟೆ ಸಂಸ್ಥೆ ದಿವಾಳಿಯಾಗಿ, ಮೇ ತಿಂಗಳ ಕೊನೆಯ ಹೊತ್ತಿಗೆ ಎಲ್ಲ ಮಳಿಗೆಗಳನ್ನೂ ಮುಚ್ಚಿತು. ಅಗ್ಗದ ಬೆಲೆಯ ದೈತ್ಯ ಪ್ರತಿಸ್ಪರ್ಧಿ ಇಲ್ಲವಾದದ್ದು ಸಣ್ಣ ಅಂಗಡಿಗಳಿಗೆ ಅವಕಾಶವೆಂಬುದು ನಿಜ. ಆದರೆ ಹೊಲಿಗೆಯ ಮೊದಲ ಪಾಠಕ್ಕೆ ಹೊಸಬರು ಕಾಲಿಡುತ್ತಿದ್ದ ಬಾಗಿಲೊಂದು ಮುಚ್ಚಿತೆಂಬುದೂ ಅಷ್ಟೇ ನಿಜ.

ಎರಡನೆಯದು ಆಮದು ಸುಂಕ. ಅಮೆರಿಕದ ಕ್ವಿಲ್ಟ್ ಬಟ್ಟೆ ಬಹುಮಟ್ಟಿಗೆ ಅಚ್ಚಾಗುವುದು ಅಮೆರಿಕದಲ್ಲಲ್ಲ. ದಕ್ಷಿಣ ಕೊರಿಯಾ, ಜಪಾನ್, ಭಾರತ ಮುಂತಾದ ದೇಶಗಳ ಗಿರಣಿಗಳಿಂದ ಅದು ಬರುತ್ತದೆ. ಬಾಟಿಕ್ ಬಟ್ಟೆ ಬರುವುದು ಇಂಡೊನೇಷ್ಯಾದಿಂದ. 2025ರಲ್ಲಿ ಈ ಎಲ್ಲ ದೇಶಗಳ ಸರಕಿನ ಮೇಲೂ ಅಮೆರಿಕ ಹೊಸ ಸುಂಕ ಹೇರಿತು. ಆ ವರ್ಷದ ಆಗಸ್ಟ್ ಅಂತ್ಯದಲ್ಲಿ ಭಾರತದ ಸರಕಿನ ಮೇಲಿನ ಹೆಚ್ಚುವರಿ ಸುಂಕ ಶೇ. 50ಕ್ಕೆ ಮುಟ್ಟಿತ್ತು. ಬೇಡಿಕೆ ಕೊಟ್ಟ ದಿನದ ದರವೊಂದು, ಆರು ತಿಂಗಳ ನಂತರ ಸರಕು ಬಂದಿಳಿಯುವ ದಿನದ ದರ ಇನ್ನೊಂದು ಎಂಬಂತಾದಾಗ ಮುಂಗಡ ಖರೀದಿಯ ಲೆಕ್ಕವೆಲ್ಲ ಬುಡಮೇಲಾಗುತ್ತದೆ. ಸಣ್ಣ ಅಂಗಡಿಯವರಿಗೆ ಸುಂಕದ ಏರಿಕೆಗಿಂತಲೂ ಅದರ ಅನಿಶ್ಚಿತತೆಯೇ ಹೆಚ್ಚು ಭಾರ.

ಹಳೆಯ ನಂಟು

ಬಟ್ಟೆ ಹೀಗೆ ಸಾಗರ ದಾಟುವುದು ಹೊಸದಲ್ಲ. 17, 18ನೆಯ ಶತಮಾನಗಳಲ್ಲಿ ಯೂರೋಪಿನ ಶ್ರೀಮಂತರ ಹಾಸಿಗೆ, ಹೊದಿಕೆಗಳ ಮೇಲೆ ಮೆರೆದದ್ದು ಭಾರತದ ಕೋರಮಂಡಲ ತೀರದ ಹೂಬಳ್ಳಿಯ ಅಚ್ಚುಬಟ್ಟೆ. ಅದರ ಪೈಪೋಟಿಯನ್ನು ತಾಳಲಾರದೆ ಇಂಗ್ಲೆಂಡ್ 1721ರಲ್ಲಿ ಅಚ್ಚು ಹಾಕಿದ ಹತ್ತಿ ಬಟ್ಟೆಯ ಬಳಕೆಯನ್ನೇ ಕಾನೂನಿನ ಮೂಲಕ ನಿಷೇಧಿಸಿತು. ನಿಷೇಧ ತೆರವಾದದ್ದು 1774ರಲ್ಲಿ. ಸುಂಕ, ನಿರ್ಬಂಧಗಳ ನೆರಳು ಈ ಬಟ್ಟೆಯ ಮೇಲೆ ಬಿದ್ದದ್ದು ಇದೇ ಮೊದಲಲ್ಲವೆಂಬುದಕ್ಕೆ ಇದು ಸಾಕ್ಷಿ.

ಕರ್ನಾಟಕದ ಕೌದಿಗೂ ಅಮೆರಿಕದ ಪ್ರದರ್ಶನಾಲಯದ ಗೋಡೆ ದೊರೆತಿದೆ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಸಮುದಾಯದ ಮಹಿಳೆಯರು ಹಳೆಯ ಬಟ್ಟೆಯ ತುಂಡುಗಳಿಂದ ಹೊಲಿಯುವ ಕೌದಿಗಳನ್ನು ಅಮೆರಿಕದ ಕಲಾ ಇತಿಹಾಸಜ್ಞ ಹೆನ್ರಿ ಡ್ರೂವಲ್ ಹೊರಜಗತ್ತಿಗೆ ಪರಿಚಯಿಸಿದರು. 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಆಫ್ರಿಕನ್ ಡಯಾಸ್ಪೊರಾ ವಸ್ತುಸಂಗ್ರಹಾಲಯದಲ್ಲಿ ಅವು ಪ್ರದರ್ಶನಗೊಂಡವು. ಮೂಲೆಗಳಲ್ಲಿ ಹೂವೆಂದು ಕರೆಯುವ ಮಡಚಿದ ಪುಟ್ಟ ತ್ರಿಕೋನಗಳನ್ನು ಕೂಡಿಸುವವರೆಗೂ ಆ ಕೌದಿ ಪೂರ್ಣವಾಗದೆಂಬುದು ಆ ಮಹಿಳೆಯರ ನಂಬಿಕೆ. ಅಲ್ಲಿ ಥಾನಿನ ಲೆಕ್ಕವಿಲ್ಲ, ಮುಂಗಡ ಬೇಡಿಕೆಯಿಲ್ಲ. ಮನೆಯಲ್ಲಿ ಸವೆದ ಬಟ್ಟೆಯೇ ಬಂಡವಾಳ.

ಅಂಗಡಿಯ ಕ್ವಿಲ್ಟಿಗೆ ಆ ಸೌಲಭ್ಯವಿಲ್ಲ. ಅದರ ಪ್ರತಿ ತುಂಡಿನ ಹಿಂದೆಯೂ ಯಾರೋ ಒಬ್ಬರು ಹಣ ಹೂಡಿ ಕಾದಿರುತ್ತಾರೆ. ಪರದೆಯ ಮೇಲೆ ಬಣ್ಣವನ್ನು ನೋಡಬಹುದು. ನೇಯ್ಗೆಯ ಬಿಗುವು, ಬಟ್ಟೆಯ ಮೃದುತ್ವ, ಎರಡು ಕೆಂಪುಗಳ ನಡುವಿನ ಕೂದಲೆಳೆಯ ಭೇದ ತಿಳಿಯಲು ಬೆರಳು ತಾಕಲೇಬೇಕು, ಎರಡು ಥಾನುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲೇಬೇಕು. ಊರಿನ ಗಿರಾಕಿ ಸಣ್ಣ ಅಂಗಡಿಯನ್ನು ಹುಡುಕಿಕೊಂಡು ಬರುವುದೂ ಇದೇ ಕಾರಣಕ್ಕೆ. ಆದುದರಿಂದ ವ್ಯಾಪಾರಿಯ ಖರೀದಿ ಯಾತ್ರೆಯನ್ನು ವಿಹಾರವೆಂದು ಬಗೆಯುವುದು ತಪ್ಪಾದೀತು. ನೂರಾರು ಗಿರಾಕಿಗಳ ಪರವಾಗಿ ಒಬ್ಬರು ಮೊದಲೇ ಹೋಗಿ ಮುಟ್ಟಿ ನೋಡಿ ಬರುವ ಕೆಲಸವದು; ಆ ಸ್ಪರ್ಶ ತಪ್ಪಾದರೆ ಬೆಲೆ ತೆರುವವರೂ ಅವರೊಬ್ಬರೇ.