ಗಾಯ ಕಿರಿದು, ಶಸ್ತ್ರಕ್ರಿಯೆ ಹಿರಿದು

1953ರ ಏಪ್ರಿಲ್ ತಿಂಗಳಿನಲ್ಲಿ ಬ್ರಿಟನ್ನಿನ ವಿದೇಶಾಂಗ ಸಚಿವ ಆಂಟನಿ ಈಡನ್ನರು ಪಿತ್ತಕೋಶದ ಕಲ್ಲುಗಳಿಂದ ಮುಕ್ತಿ ಪಡೆಯಲೆಂದು ಲಂಡನ್ನಿನಲ್ಲಿ ಶಸ್ತ್ರಕ್ರಿಯೆಗೆ ಒಳಗಾದರು. ಚರ್ಚಿಲರ ಅನಂತರ ಪ್ರಧಾನಿಯ ಪಟ್ಟ ಇವರಿಗೇ ಎಂದು ದೇಶವೆಲ್ಲ ನಂಬಿದ್ದ ಕಾಲ ಅದು. ಶಸ್ತ್ರಕ್ರಿಯೆಯೂ ಅಂದಿನ ವೈದ್ಯರಿಗೆ ಅಪರೂಪದ್ದೇನೂ ಆಗಿರಲಿಲ್ಲ. ಆದರೆ ಪಿತ್ತಕೋಶವನ್ನು ತೆಗೆಯುವಾಗ ಅದರ ಪಕ್ಕದ ಮುಖ್ಯ ಪಿತ್ತನಾಳಕ್ಕೆ ಪೆಟ್ಟಾಯಿತು. ಅದೇ ತಿಂಗಳಿನಲ್ಲಿ ಎರಡನೆಯ ಸಲ ಹೊಟ್ಟೆಯನ್ನು ತೆರೆಯಬೇಕಾಗಿ ಬಂದು, ಪ್ರಾಣ ಉಳಿದದ್ದೇ ಹೆಚ್ಚಾಯಿತು. ಜೂನಿನಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ, ಬಾಸ್ಟನ್ ನಗರದಲ್ಲಿ ಮೂರನೆಯ ಸಲ ಶಸ್ತ್ರಕ್ಕೆ ಮೈಯೊಡ್ಡಿದರು. ಅಲ್ಲಿಗೂ ಕಥೆ ಮುಗಿಯಲಿಲ್ಲ. 1956ರ ಅಕ್ಟೋಬರಿನಲ್ಲಿ, ಸೂಯೆಜ್ ಕಾಲುವೆಯ ಬಿಕ್ಕಟ್ಟು ತಾರಕಕ್ಕೇರುತ್ತಿದ್ದಾಗ, ಪ್ರಧಾನಿ ಈಡನ್ನರು ನಡುಕದೊಡನೆ ಬಂದ ಉಗ್ರಜ್ವರದಿಂದ ಹಾಸಿಗೆ ಹಿಡಿದರು. 1957ರ ಜನವರಿಯಲ್ಲಿ ಪದವಿಯನ್ನು ತ್ಯಜಿಸಿದರು. ಆ ವರ್ಷವೇ ಮತ್ತೆ ಬಾಸ್ಟನ್ನಿಗೆ ಹೋಗಿ ಇನ್ನೊಂದು ಶಸ್ತ್ರಕ್ರಿಯೆಗೆ ಒಳಗಾದರು.

ಒಂದು ಸಾಮ್ರಾಜ್ಯದ ರಾಜಕಾರಣಕ್ಕೆ ನೆರಳು ಚೆಲ್ಲಿದ ಈ ನಾಳ ಪೆನ್ಸಿಲಿಗಿಂತ ತೆಳುವಾದದ್ದು. ಯಕೃತ್ತಿನಲ್ಲಿ ಹುಟ್ಟುವ ಪಿತ್ತರಸವನ್ನು ಕರುಳಿಗೆ ಒಯ್ಯುವುದು ಅದರ ಕೆಲಸ. ಪಿತ್ತಕೋಶವೆಂಬುದು ಆ ಹಾದಿಯ ಪಕ್ಕದಲ್ಲಿರುವ ಒಂದು ಪುಟ್ಟ ಚೀಲ. ಕಿರುನಾಳವೊಂದರಿಂದ ಮುಖ್ಯ ನಾಳಕ್ಕೆ ಅಂಟಿಕೊಂಡಿದೆ. ಚೀಲವಿಲ್ಲದೆ ಮನುಷ್ಯ ಸುಖವಾಗಿ ಬಾಳಬಲ್ಲ. ಮುಖ್ಯ ನಾಳವಿಲ್ಲದೆ ಬಾಳಲಾರ.

ಈಡನ್ನರಿಗೆ ಆದದ್ದು ಹಳೆಯ ಪದ್ಧತಿಯ, ಬಲ ಪಕ್ಕೆಲುಬುಗಳ ಕೆಳಗೆ ಗೇಣುದ್ದ ಕೊಯ್ದು ಮಾಡುವ ಶಸ್ತ್ರಕ್ರಿಯೆ. ಇಂದು ಅದೇ ಕೆಲಸವನ್ನು ಸಾಮಾನ್ಯವಾಗಿ ನಾಲ್ಕು ಕಿರುರಂಧ್ರಗಳ ಮೂಲಕ ಮಾಡುತ್ತಾರೆ. ಗಾಯ ಚಿಕ್ಕದಾಗಿದೆ, ನಾಳ ಮಾತ್ರ ಇದ್ದ ಜಾಗದಲ್ಲೇ ಇದೆ.

ಈ ಹೊಸ ಪದ್ಧತಿಯ ಹೆಸರು ಲ್ಯಾಪರೊಸ್ಕೋಪಿ. ಕನ್ನಡದಲ್ಲಿ ಉದರದರ್ಶನ ಎನ್ನಬಹುದು. ರೋಗಿಗೆ ಪೂರ್ಣ ಅರಿವಳಿಕೆ ಕೊಟ್ಟ ಮೇಲೆ ಹೊಕ್ಕುಳಿನ ಬಳಿಯಿಂದ ಇಂಗಾಲದ ಡೈಆಕ್ಸೈಡ್ ಅನಿಲವನ್ನು ತುಂಬುತ್ತಾರೆ. ಹೊಟ್ಟೆಯ ಗೋಡೆ ಡೇರೆಯಂತೆ ಮೇಲೇಳುತ್ತದೆ. ದೀಪವೂ ಮಸೂರವೂ ಕೂಡಿದ ಕೊಳವೆಯೊಂದು ಒಳಗಿಳಿಯುತ್ತದೆ; ಒಳಗಿನ ನೋಟ ಹಲವು ಪಾಲು ಹಿಗ್ಗಿ ಪರದೆಯ ಮೇಲೆ ಮೂಡುತ್ತದೆ. ಉಳಿದ ರಂಧ್ರಗಳಿಂದ ನೀಳವಾದ ಇಕ್ಕುಳ, ಕತ್ತರಿಗಳು ಒಳಹೋಗುತ್ತವೆ. ಶಸ್ತ್ರವೈದ್ಯರು ರೋಗಿಯ ಹೊಟ್ಟೆಯನ್ನು ನೋಡದೆ, ಎದುರಿನ ಪರದೆಯನ್ನು ನೋಡುತ್ತ ಕೈಯಾಡಿಸುತ್ತಾರೆ.

ಇದರ ಲಾಭವನ್ನು ಅಲ್ಲಗಳೆಯುವಂತಿಲ್ಲ. ನೋವು ಕಡಿಮೆ, ಗಾಯ ಕೀಯುವುದು ಕಡಿಮೆ. ವಾರಗಟ್ಟಲೆ ಮಲಗಬೇಕಾಗಿದ್ದವರು ಒಂದೆರಡು ದಿನಗಳಲ್ಲಿ ಮನೆ ಸೇರುತ್ತಾರೆ. ಕಛೇರಿಗೆ ರಜೆ ಉಳಿಯುತ್ತದೆ, ಅಡಿಗೆಮನೆ ಬೇಗ ಹಳೆಯ ಹಾದಿಗೆ ಬರುತ್ತದೆ. ಆದ್ದರಿಂದಲೇ ಏನೋ, ‘ಬರಿ ನಾಲ್ಕು ತೂತು ಅಷ್ಟೆ’ ಎಂಬ ಮಾತು ಮನೆಮನೆಗಳಲ್ಲಿ ಹಗುರವಾಗಿ ಓಡಾಡುತ್ತದೆ.

1985ರ ಸೆಪ್ಟೆಂಬರ್ 12ರಂದು ಜರ್ಮನಿಯ ಬೋಬ್ಲಿಂಗೆನ್ ಪಟ್ಟಣದಲ್ಲಿ ಎರಿಖ್ ಮ್ಯೂಹೆ ಎಂಬ ಶಸ್ತ್ರವೈದ್ಯರು ಈ ವಿಧಾನದಿಂದ ಪಿತ್ತಕೋಶವನ್ನು ಮೊದಲ ಬಾರಿಗೆ ತೆಗೆದರು. ಮರುವರ್ಷ ಅದನ್ನು ತಮ್ಮ ದೇಶದ ಶಸ್ತ್ರವೈದ್ಯರ ಸಭೆಯ ಮುಂದಿಟ್ಟಾಗ ದೊರೆತದ್ದು ಅಪನಂಬಿಕೆ ಮಾತ್ರ. ಅದೇ ಸಂಘ 1992ರಲ್ಲಿ ಅವರನ್ನು ಸನ್ಮಾನಿಸಿತು. ಅಷ್ಟರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ 1987ರಲ್ಲಿ ಫಿಲಿಪ್ ಮುರೆ ಇದೇ ಕೆಲಸವನ್ನು ಸ್ವತಂತ್ರವಾಗಿ ಸಾಧಿಸಿದ್ದರು. ಪ್ಯಾರಿಸ್ ಮತ್ತು ಬೋರ್ಡೋ ನಗರಗಳ ವೈದ್ಯರು ಅದನ್ನು ಮುಂದುವರಿಸಿದ್ದರು. ನಮ್ಮ ದೇಶದಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ತೆಹೆಮ್ಟನ್ ಉದ್ವಾಡಿಯಾ ಅವರು 1990ರಲ್ಲಿ ಇದನ್ನು ನಡೆಸಿದರು. ಅವರು 1972ರಿಂದಲೇ ಉದರದರ್ಶಕವನ್ನು ರೋಗಪರೀಕ್ಷೆಗೆ ಬಳಸುತ್ತಿದ್ದವರು. ಹದಿನೆಂಟು ವರ್ಷ ಆ ಕೊಳವೆಯೊಳಗಿಂದ ನೋಡಿದ ಕಣ್ಣು ಅವರದು.

ಎಲ್ಲರಿಗೂ ಅಂಥ ಪೂರ್ವಾಭ್ಯಾಸವಿರಲಿಲ್ಲ. ಅಮೆರಿಕದಲ್ಲಿ ರೋಗಿಗಳು ತಾವಾಗಿ ಹೊಸ ಪದ್ಧತಿಯನ್ನು ಕೇಳತೊಡಗಿದಾಗ, ನುರಿತ ಶಸ್ತ್ರವೈದ್ಯರು ಕೂಡ ವಾರಾಂತ್ಯದ ಶಿಬಿರಗಳಿಗೆ ಹೋಗಿ, ಹಂದಿಗಳ ಮೇಲೆ ಕೈಪಳಗಿಸಿಕೊಂಡು ಬಂದು ಮನುಷ್ಯರ ಮೇಲೆ ಆರಂಭಿಸಿದರು. ಪರಿಣಾಮವನ್ನು ಆ ದೇಶದ ದಕ್ಷಿಣ ಭಾಗದ ಶಸ್ತ್ರವೈದ್ಯರ ಕೂಟವೊಂದು 1991ರಲ್ಲಿ ಪ್ರಾಮಾಣಿಕವಾಗಿ ಲೆಕ್ಕ ಹಾಕಿ ಪ್ರಕಟಿಸಿತು. ಒಟ್ಟು 1,518 ರೋಗಿಗಳು. ಪಿತ್ತನಾಳಕ್ಕೆ ಗಾಯವಾದದ್ದು 7 ಮಂದಿಗೆ, ಅಂದರೆ ಶೇಕಡ 0.5. ಈ ಸರಾಸರಿಯ ಒಳಗೆ ಇನ್ನೊಂದು ಸಂಗತಿ ಅಡಗಿತ್ತು. ಪ್ರತಿಯೊಬ್ಬ ವೈದ್ಯನ ಮೊದಲ 13 ರೋಗಿಗಳಲ್ಲಿ ಈ ಅಪಾಯ ಶೇಕಡ 2.2ರಷ್ಟಿತ್ತು, ಅನಂತರದವರಲ್ಲಿ ಶೇಕಡ 0.1ಕ್ಕೆ ಇಳಿದಿತ್ತು. ವೈದ್ಯನ ಅಭ್ಯಾಸದ ಬೆಲೆಯನ್ನು ತೆತ್ತವರು ಆ ಮೊದಲ ಹದಿಮೂರು ಮಂದಿ. 1992ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಆರೋಗ್ಯ ಇಲಾಖೆ ಮಧ್ಯೆ ಪ್ರವೇಶಿಸಿ, ಅನುಭವಿಯೊಬ್ಬರ ಮೇಲ್ವಿಚಾರಣೆಯಲ್ಲಿ ಹತ್ತು ಹದಿನೈದನ್ನಾದರೂ ಮಾಡದೆ ಯಾರೂ ಒಂಟಿಯಾಗಿ ಈ ಶಸ್ತ್ರಕ್ರಿಯೆಗೆ ಇಳಿಯಬಾರದೆಂದು ಸೂಚಿಸಿತು.

ಹಾಗಾದರೆ ಕೈಚಳಕ ಬಂದರೆ ಸಾಕೆ? ಸ್ಯಾನ್ ಫ್ರಾನ್ಸಿಸ್ಕೋ ನಗರದ ಲಾರೆನ್ಸ್ ವೇ ಮತ್ತು ಅವರ ಸಹೋದ್ಯೋಗಿಗಳು ಪಿತ್ತನಾಳಕ್ಕೆ ಪೆಟ್ಟಾದ 252 ಪ್ರಕರಣಗಳನ್ನು ಒಂದೊಂದಾಗಿ ಬಿಡಿಸಿ ನೋಡಿ 2003ರಲ್ಲಿ ಕೊಟ್ಟ ಉತ್ತರ ವಿಸ್ಮಯಕರವಾದದ್ದು. ಕೈಯ ತಪ್ಪಿನಿಂದ ಆದವು ಶೇಕಡ 3 ಮಾತ್ರ. ಶೇಕಡ 97ರಲ್ಲಿ ಮೂಲಕಾರಣ ಕಣ್ಣಿನ ಭ್ರಮೆ.

ವೇದಾಂತಿಗಳು ಹೇಳುವ ರಜ್ಜುಸರ್ಪ ಭ್ರಾಂತಿಯೇ ಇದು, ಆದರೆ ತಿರುಗಿಸಿಟ್ಟದ್ದು. ಅಲ್ಲಿ ಮಬ್ಬಿನಲ್ಲಿ ಹಗ್ಗ ಹಾವಾಗಿ ಕಂಡು ಮನುಷ್ಯ ಬೆದರುತ್ತಾನೆ. ಇಲ್ಲಿ ಪ್ರಖರವಾದ ಬೆಳಕಿನಲ್ಲಿ ಹಾವು ಹಗ್ಗವಾಗಿ ಕಂಡು ನಿರ್ಭಯನಾಗಿ ಕತ್ತರಿಸುತ್ತಾನೆ. ಪಿತ್ತಕೋಶದ ಕತ್ತನ್ನು ಇಕ್ಕುಳದಿಂದ ಹಿಡಿದೆಳೆದಾಗ ಕಿರುನಾಳವೂ ಮುಖ್ಯ ನಾಳವೂ ಒಂದೇ ಗೆರೆಯಲ್ಲಿ ಬಂದು ನಿಲ್ಲುವುದುಂಟು. ಹಳೆಯ ಉರಿಯೂತದಿಂದ ಎರಡೂ ಅಂಟಿಕೊಂಡಿದ್ದರಂತೂ ಕಿರುನಾಳ ಮರೆಯಾಗಿಬಿಡುತ್ತದೆ. ಆಗ ಮುಖ್ಯ ನಾಳವೇ ಪಿತ್ತಕೋಶದಿಂದ ಹೊರಟ ಬಾಲದಂತೆ ಕಾಣುತ್ತದೆ. ಒಮ್ಮೆ ಮನಸ್ಸು ‘ಇದೇ ಅದು’ ಎಂದು ತೀರ್ಮಾನಿಸಿತೆಂದರೆ, ಮುಂದೆ ಕಂಡದ್ದೆಲ್ಲ ಅದಕ್ಕೇ ಸಾಕ್ಷಿ ನುಡಿಯುತ್ತದೆ. ಹಿಂದಿನ ಪದ್ಧತಿಯಲ್ಲಿ ಕಣ್ಣಿಗೆ ಅನುಮಾನ ಬಂದಾಗ ಬೆರಳು ಮುಟ್ಟಿ ನೋಡುತ್ತಿತ್ತು. ಇಲ್ಲಿ ಬೆರಳು ಹೊಟ್ಟೆಯ ಹೊರಗೇ ಉಳಿದಿದೆ.

ಭ್ರಮೆಯ ಇನ್ನೊಂದು ಕ್ರೂರ ಲಕ್ಷಣವೆಂದರೆ, ಎಡವಿದವರಿಗೆ ಎಡವಿದ್ದು ಗೊತ್ತಾಗದಿರುವುದು. ಅನೇಕ ಸಂದರ್ಭಗಳಲ್ಲಿ ಶಸ್ತ್ರಕ್ರಿಯೆ ಸುಸೂತ್ರವಾಗಿ ಮುಗಿಯಿತೆಂದೇ ಎಲ್ಲರೂ ತಿಳಿದಿರುತ್ತಾರೆ. ರೋಗಿ ಎರಡನೆಯ ದಿನ ಮನೆಗೂ ಬರುತ್ತಾನೆ. ಆದುದರಿಂದ ಮನೆಯವರ ಕಣ್ಣಿಗೂ ಇಲ್ಲಿ ಕೆಲಸವಿದೆ. ಒಳಗೆ ತುಂಬಿದ ಅನಿಲದಿಂದಾಗಿ ಒಂದೆರಡು ದಿನ ಹೆಗಲು ನೋಯುವುದು ಸಹಜ; ಅದಕ್ಕೆ ಗಾಬರಿ ಬೇಡ. ದಿನದಿಂದ ದಿನಕ್ಕೆ ಗೆಲುವಾಗಬೇಕಾದವರು ಸೊರಗತೊಡಗಿದರೆ, ಹೊಟ್ಟೆನೋವು ಏರುತ್ತ ಹೋದರೆ, ಹೊಟ್ಟೆ ಉಬ್ಬರಿಸಿ ವಾಂತಿಯಾದರೆ, ಜ್ವರ ಬಂದರೆ, ಕಣ್ಣಿನ ಬಿಳುಪು ಹಳದಿಗೆ ತಿರುಗಿದರೆ, ‘ಗ್ಯಾಸು’ ಎಂದು ಜೀರಿಗೆ ಕಷಾಯ ಕುಡಿಸಿ ಮಲಗಿಸುವ ಹೊತ್ತಲ್ಲ ಅದು. ಆ ದಿನವೇ ಆಸ್ಪತ್ರೆಗೆ ಹಿಂದಿರುಗಬೇಕು. ಸೋರುತ್ತಿರುವ ಪಿತ್ತರಸವಾಗಲಿ, ಮೊದಲ ಸೂಜಿಯ ಮೊನೆ ತಾಗಿ ತೂತಾದ ಕರುಳಾಗಲಿ, ಬೇಗ ಪತ್ತೆಯಾದಷ್ಟೂ ಸರಿಪಡಿಸುವುದು ಸುಲಭ.

ನಮ್ಮ ದೇಶದಲ್ಲಿ ಮತ್ತೊಂದು ತೊಡಕು ಬಹಳಷ್ಟು ವರದಿಯಾಗಿದೆ. ಉಪಕರಣಗಳ ಶುದ್ಧೀಕರಣ ಸಾಲದೆ ಹೋದಲ್ಲಿ, ಕ್ಷಯದ ರೋಗಾಣುವಿನ ದಾಯಾದಿಗಳೆನ್ನಬಹುದಾದ ಸೂಕ್ಷ್ಮಾಣುಗಳು ರಂಧ್ರದ ಗಾಯದಲ್ಲಿ ನೆಲೆಯೂರುತ್ತವೆ. ಗಾಯ ಮಾಯ್ದು ಕೆಲವು ವಾರಗಳಾದ ಮೇಲೆ ಅಲ್ಲಿ ಗಂಟು ಎದ್ದು ಒಸರತೊಡಗುತ್ತದೆ. ಸಾಮಾನ್ಯ ಔಷಧಗಳಿಗೆ ಇದು ಬಗ್ಗುವುದಿಲ್ಲ. ತಿಂಗಳುಗಟ್ಟಲೆ ಬೇರೆಯ ಔಷಧೋಪಚಾರ ಬೇಕಾಗುತ್ತದೆ. ಪ್ರಾಣಕ್ಕೆ ಸಂಚಕಾರವಿಲ್ಲವಾದರೂ ಸಹನೆಯನ್ನು ಚೆನ್ನಾಗಿ ಪರೀಕ್ಷಿಸುವ ಕಾಯಿಲೆ.

ಪಿತ್ತನಾಳದ ಗಾಯದ ಮಾತು ಹಾಗಲ್ಲ. ತುಂಡಾದ ನಾಳಕ್ಕೆ ಕರುಳಿನ ಒಂದು ಸುರುಳಿಯನ್ನು ತಂದು ಹೊಲಿಯುವ ಆ ಶಸ್ತ್ರಕ್ರಿಯೆ ಅದರಲ್ಲೇ ಪಳಗಿದವರ ಕೈಗೆ ಸೇರಿದ್ದು. ಹೊಲಿದ ಜಾಗ ವರ್ಷಗಳ ತರುವಾಯ ಕಿರಿದಾಗಿ, ಈಡನ್ನರಿಗೆ ಬಂದಂಥ ನಡುಕಜ್ವರ ಮರುಕಳಿಸಲೂಬಹುದು. ಅಮೆರಿಕದ ವೃದ್ಧರ ಸರಕಾರಿ ವಿಮೆಯ ದಾಖಲೆಗಳಲ್ಲಿ 1992ರಿಂದ 1999ರವರೆಗೆ ಪಿತ್ತಕೋಶ ತೆಗೆಸಿಕೊಂಡವರು 15 ಲಕ್ಷಕ್ಕೂ ಹೆಚ್ಚು. ಅವರಲ್ಲಿ ನಾಳಕ್ಕೆ ಗಾಯವಾದ 7,911 ಮಂದಿಯನ್ನು ಉಳಿದವರೊಡನೆ ಹೋಲಿಸಿದಾಗ, ವಯಸ್ಸು ಮತ್ತು ಇತರ ಬೇನೆಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಮುಂದಿನ ವರ್ಷಗಳಲ್ಲಿ ಸಾವಿನ ಸಂಭವ ಅವರಿಗೆ ಸುಮಾರು 2.8 ಪಟ್ಟು ಇತ್ತು.

ಕಣ್ಣು ವಂಚಿಸುವುದಾದರೆ ಕಣ್ಣಿಗೊಂದು ಕಟ್ಟಳೆ ಬೇಕು. ಅಮೆರಿಕದ ಸೇಂಟ್ ಲೂಯಿ ನಗರದ ಸ್ಟೀವನ್ ಸ್ಟ್ರಾಸ್‌ಬರ್ಗ್ 1995ರಲ್ಲಿ ಅದನ್ನು ರೂಪಿಸಿದರು. ಏನನ್ನಾದರೂ ಕತ್ತರಿಸುವ ಮೊದಲು ಕೊಬ್ಬನ್ನೆಲ್ಲ ಬಿಡಿಸಿ ಜಾಗವನ್ನು ನಿಚ್ಚಳಗೊಳಿಸಬೇಕು. ಪಿತ್ತಕೋಶದ ಕೆಳಭಾಗವನ್ನು ಯಕೃತ್ತಿನಿಂದ ಬೇರ್ಪಡಿಸಬೇಕು. ಆಗ ಪಿತ್ತಕೋಶದೊಳಕ್ಕೆ ಎರಡು, ಎರಡೇ ಎಳೆಗಳು ಹೋಗುವುದು ಕಾಣಬೇಕು: ಒಂದು ನಾಳ, ಒಂದು ರಕ್ತನಾಳ. ಅಷ್ಟು ಕಾಣುವ ತನಕ ಕತ್ತರಿ ಬಾಯಿ ತೆರೆಯಕೂಡದು.

ಕೆಲವರಲ್ಲಿ ಎಷ್ಟು ಬಿಡಿಸಿದರೂ ಅದು ಕಾಣುವುದಿಲ್ಲ. ಆಗ ಪಿತ್ತಕೋಶದ ಒಂದು ಭಾಗವನ್ನು ಅಲ್ಲಿಯೇ ಬಿಟ್ಟು ಬರುವುದುಂಟು. ಹಿರಿಯ ಸಹೋದ್ಯೋಗಿಯನ್ನು ಕರೆಸುವುದುಂಟು. ಹಳೆಯ ಪದ್ಧತಿಗೆ ಮರಳಿ ಹೊಟ್ಟೆಯನ್ನು ತೆರೆಯುವುದುಂಟು. 1991ರ ಆ 1,518 ಮಂದಿಯಲ್ಲಿ 72 ಮಂದಿಗೆ ಹೀಗೆ ನಡುವೆಯೇ ಹೊಟ್ಟೆ ತೆರೆಯಲಾಯಿತು. ಉರಿಯೂತದಿಂದ ಒಳರಚನೆಯ ಗುರುತು ಸಿಕ್ಕದ್ದೇ ಅದಕ್ಕೆ ಎಲ್ಲಕ್ಕಿಂತ ಹೆಚ್ಚಾಗಿ ಕಂಡುಬಂದ ಕಾರಣ.

ಶಸ್ತ್ರಕ್ರಿಯೆಯ ಹಿಂದಿನ ರಾತ್ರಿ ಸಹಿ ಹಾಕುವ ಒಪ್ಪಿಗೆಪತ್ರದಲ್ಲಿ ಈ ಸಂಭವವನ್ನು ಒಂದು ಸಾಲಿನಲ್ಲಿ ಬರೆದಿರುತ್ತಾರೆ. ಆ ಸಾಲನ್ನು ಓದುವವರು ಕಡಿಮೆ. ಮರುದಿನ ಒಂದು ಗಂಟೆಯಲ್ಲಿ ಮುಗಿಯಬೇಕಾದದ್ದು ಮೂರು ಗಂಟೆಗೆ ಎಳೆಯುತ್ತದೆ. ಹೊರಗಿನ ಬೆಂಚಿನ ಮೇಲೆ ಕುಳಿತವರು ಗಡಿಯಾರವನ್ನೂ ಬಾಗಿಲನ್ನೂ ನೋಡುತ್ತಾರೆ. ವೈದ್ಯರು ಹೊರಬಂದು, ‘ಸರಿಯಾಗಿ ಕಾಣಲಿಲ್ಲ, ತೆರೆಯಬೇಕಾಯಿತು’ ಎನ್ನುತ್ತಾರೆ. ‘ಏನೋ ಕೆಡಿಸಿಬಿಟ್ಟರು’ ಎಂದು ಬೆಂಚಿನ ಮೇಲೆ ಪಿಸುಮಾತು ಏಳುವುದು ಆಗಲೇ. ಒಳಗೆ ರೋಗಿಯ ಪಕ್ಕೆಯ ಮೇಲೆ ಗೇಣುದ್ದದ ಪಟ್ಟಿ ಇದೆ. ಆತ ಮನೆಗೆ ಹೋಗುವುದು ನಾಳೆಯಲ್ಲ, ಇನ್ನೊಂದು ವಾರಕ್ಕೆ. ಪಟ್ಟಿಯ ಅಡಿಯಲ್ಲಿ, ಪೆನ್ಸಿಲಿಗಿಂತ ತೆಳುವಾದ ಆ ನಾಳ ಮುಕ್ಕಾಗದೆ ಇದೆ. ಪಿತ್ತರಸ ತನ್ನ ಹಾದಿಯಲ್ಲಿ ಕರುಳಿಗೆ ಹರಿಯುತ್ತಿದೆ.